ನಾನೂರ ಹದಿಮೂರನೇ ಹೆಸರು

ಒಂದು ವಿಮಾನ ಕಂಪನಿ ಇನ್ನೊಂದನ್ನು ಕೊಂಡರೆ ವಿಮಾನಗಳಿಗೆ ಹೊಸ ಬಣ್ಣ ಬಳಿದು ಕೆಲಸ ಮುಗಿಸಬಹುದು. ಪೈಲಟುಗಳ ವಿಷಯ ಅಷ್ಟು ಸುಲಭವಲ್ಲ. ಎರಡೂ ಕಡೆಯವರನ್ನು ಸೇರಿಸಿ, ಯಾರು ಹಿರಿಯ ಯಾರು ಕಿರಿಯ ಎಂದು ಒಂದೇ ಪಟ್ಟಿ ಮಾಡಬೇಕು. ಆ ಪಟ್ಟಿಯಲ್ಲಿ ಸಿಕ್ಕಿದ ನಂಬರು ನಿವೃತ್ತಿಯ ತನಕ ಬೆನ್ನು ಬಿಡುವುದಿಲ್ಲ. ಕ್ಯಾಪ್ಟನ್ ಆಗುವುದು ಯಾವಾಗ, ಯಾವ ಊರಿನಲ್ಲಿ ಇರುವುದು, ಹಬ್ಬಕ್ಕೆ ರಜೆ ಉಂಟೋ ಇಲ್ಲವೋ, ಎಲ್ಲವೂ ಆ ನಂಬರಿನ ಮರ್ಜಿ.

ಭಾರ್ಗವ ಏರ್‌ಲೈನ್ಸ್ ನಂದನ ಏರ್ ಕಂಪನಿಯನ್ನು ಕೊಂಡು ಹತ್ತು ತಿಂಗಳಾದ ಮೇಲೆ, ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಆ ಪಟ್ಟಿ ಬಂತು. ನಂದನದ ಸಹಪೈಲಟ್ ಪೂಜಿತಾ ರೈ ರಜೆ ಹಾಕಿ ಪುತ್ತೂರಿನ ಹತ್ತಿರದ ಕಬಕದಲ್ಲಿರುವ ಅಮ್ಮನ ಮನೆಗೆ ಬಂದಿದ್ದಳು. ನೀರುದೋಸೆ ತಿನ್ನುತ್ತಲೇ ಎಡಗೈಯಲ್ಲಿ ಫೋನ್ ತೆರೆದು ನೋಡಿದಳು. ಅವಳ ಹೆಸರು ನಾನೂರ ಹದಿಮೂರನೆಯದು. ಈ ವರ್ಷ ಕ್ಯಾಪ್ಟನ್ ತರಬೇತಿಗೆ ನಾನೂರ ಹನ್ನೆರಡರವರೆಗೆ ಮಾತ್ರ ಕರೆಯುತ್ತೇವೆ, ಹೊಸ ವಿಮಾನಗಳು ಬರುವುದು ತಡವಾದ್ದರಿಂದ ಮುಂದಿನ ತಂಡ ಯಾವಾಗ ಎಂದು ಈಗಲೇ ಹೇಳಲಾಗದು ಎಂದು ಕೆಳಗೆ ಬರೆದಿತ್ತು.

ಒಂಬತ್ತು ವರ್ಷ ಬಲಗಡೆಯ ಸೀಟಿನಲ್ಲಿ ಕೂತವಳಿಗೆ ಕ್ಯಾಪ್ಟನ್ನಿನ ಎಡಗಡೆಯ ಸೀಟು ಒಂದೇ ಒಂದು ನಂಬರಿನಿಂದ ತಪ್ಪಿತ್ತು. ಆ ಒಂದು ನಂಬರಿನ ಮೇಲೆ ಯಾರು ಕೂತಿದ್ದಾರೆಂದು ನೋಡಿದಾಗ ಅವಳ ಮೈಯೆಲ್ಲ ಉರಿದುಹೋಯಿತು. ಭಾರ್ಗವದ ರೂಪೇಶ್. ಮರ್ಕಂಜದ ರೂಪೇಶ್ ಗೌಡ. ಒಂದನೇ ಕ್ಲಾಸಿನಲ್ಲಿ ಅವಳ ಪಕ್ಕದಲ್ಲಿ ಕೂತು, ಸ್ಲೇಟು ಒರೆಸಿದ ಬಟ್ಟೆಯಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದ ರೂಪೇಶ್!

ಇಬ್ಬರೂ ತಮ್ಮ ತಮ್ಮ ಕಂಪನಿಯಲ್ಲಿ ಸಹಪೈಲಟ್ ಆಗಿ ಹಾರಾಟ ಶುರುಮಾಡಿದ್ದು ಒಂದೇ ದಿನ. ಹಾಗೆ ದಿನ ಸರಿಸಮ ಬಂದರೆ ವಯಸ್ಸಿನಲ್ಲಿ ದೊಡ್ಡವರು ಮೇಲೆ ಎಂಬುದು ಹೊಸ ನಿಯಮ. ದಾಖಲೆಯ ಪ್ರಕಾರ ರೂಪೇಶ್ ಹುಟ್ಟಿದ್ದು ತೊಂಬತ್ತರ ಜೂನ್ ಒಂದಕ್ಕೆ, ಪೂಜಿತಾ ಜುಲೈ ಹತ್ತಕ್ಕೆ. ಮೂವತ್ತೊಂಬತ್ತು ದಿನದ ದೊಡ್ಡಸ್ತಿಕೆ. ಅದು ನಿಜವಾಗಿದ್ದರೆ ಅವಳು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದಳು. ಆದರೆ ಅದು ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಆ ಸುಳ್ಳನ್ನು ಬರೆದ ಕೈ ಈಗ ಅಡುಗೆಮನೆಯಲ್ಲಿ ಕಾವಲಿಗೆ ಹಿಟ್ಟು ಹೊಯ್ಯುತ್ತಿತ್ತು.

ಆ ಕಾಲದ ಶಾಲೆಯ ದಾಖಲೆಯನ್ನು ನಂಬುವುದಾದರೆ ತಾಲೂಕಿನ ಅರ್ಧ ಮಕ್ಕಳು ಹುಟ್ಟಿದ್ದು ಜೂನ್ ಒಂದನೇ ತಾರೀಕಿಗೆ. ಹೆತ್ತವರಿಗೆ ತಾರೀಕು ನೆನಪಿಲ್ಲದಿದ್ದರೆ, ಮಗುವಿನ ವಯಸ್ಸು ಸಾಲದಿದ್ದರೆ, ಟೀಚರು ಜೂನ್ ಒಂದು ಎಂದು ಬರೆದು ಶಾಯಿ ಆರಿಸುತ್ತಿದ್ದರು. ಪೂಜಿತಾಳ ಅಮ್ಮ ಹರಿಣಾಕ್ಷಿ ಸುಳ್ಯ ತಾಲೂಕಿನ ಮರ್ಕಂಜದ ಕಡೆಯ ಒಂದು ಚಿಕ್ಕ ಶಾಲೆಯಲ್ಲಿ ಟೀಚರಾಗಿದ್ದವಳು. ಅಚ್ಚುತ ಗೌಡರ ಮಗ ರೂಪೇಶ ದೀಪಾವಳಿಯ ಎಣ್ಣೆಸ್ನಾನದ ದಿನ ಹುಟ್ಟಿದವನು, ಅವನನ್ನು ನಾನು ಜೂನ್ ಹುಡುಗ ಮಾಡಿದೆ ಎಂದು ಎಷ್ಟೋ ಸಲ ನಗುತ್ತಾ ಹೇಳಿದ್ದಳು. ಆ ಲೆಕ್ಕದಲ್ಲಿ ಪೂಜಿತಾಳೇ ಅವನಿಗಿಂತ ಮೂರು ತಿಂಗಳು ದೊಡ್ಡವಳು.

"ಅಮ್ಮ, ಅದನ್ನು ಒಂದು ಕಾಗದದಲ್ಲಿ ಬರೆದು ಸೈನ್ ಹಾಕಿ ಕೊಡು," ಎಂದಳು ಪೂಜಿತಾ. "ಆಕ್ಷೇಪ ಕಳಿಸ್ಲಿಕ್ಕೆ ಗುರುವಾರ ಸಂಜೆ ಐದರವರೆಗೆ ಸಮಯ ಉಂಟು."

"ಅದು ನಗ್ಲಿಕ್ಕೆ ಹೇಳಿದ್ದು ಮಗಾ. ಬರೆದು ಕೊಡ್ಲಿಕ್ಕೆ ಅಲ್ಲ."

"ಅವನನ್ನು ಹೆತ್ತದ್ದು ಮನೆಯಲ್ಲಿ. ಪಂಚಾಯತಿನಲ್ಲಿ ಬರೆಸಿಯೂ ಇಲ್ಲ. ಶಾಲೆಯ ತಾರೀಕೇ ಎಲ್ಲ ಕಡೆ ಹೋದದ್ದು. ನೀನು ಹೇಳದಿದ್ರೆ ಬೇರೆ ಯಾರು ಹೇಳುದು?"

"ಯಾರೂ ಹೇಳುದು ಬೇಡ."

"ನಿನಗೆ ನಿನ್ನ ಮಗಳು ದೊಡ್ಡದಾ, ಊರಿನವರ ಮಗ ದೊಡ್ಡದಾ?"

ಮೂವತ್ತು ವರ್ಷ ಮಕ್ಕಳ ಬಾಯಿ ಮುಚ್ಚಿಸಿ ಅಭ್ಯಾಸವಾದ ಹೆಂಗಸಿಗೆ ತನ್ನ ಬಾಯಿ ಮುಚ್ಚಿಕೊಳ್ಳುವುದೂ ಚೆನ್ನಾಗಿ ಬರುತ್ತಿತ್ತು. ದೋಸೆ ಮಡಚುತ್ತಾ ನಿಂತಳು.

ರೂಪೇಶನೂ ಊರಲ್ಲೇ ಇದ್ದಾನೆ ಎಂದು ಅವನ ವಾಟ್ಸಾಪ್ ಸ್ಟೇಟಸ್ ಡಂಗುರ ಸಾರುತ್ತಿತ್ತು. ಒಂದು ತಟ್ಟೆ ಲಡ್ಡು, ಪಕ್ಕದಲ್ಲಿ ನಾಲ್ಕು ಚಿನ್ನದ ಪಟ್ಟಿಯ ಚಿತ್ರ. ಕ್ಯಾಪ್ಟನ್ನಿನ ಹೆಗಲಿಗೆ ನಾಲ್ಕು ಪಟ್ಟಿ, ಸಹಪೈಲಟಿಗೆ ಮೂರು. ಅದನ್ನು ನೋಡಿದ್ದೇ ಪೂಜಿತಾ ಬುಧವಾರ ಬೆಳಿಗ್ಗೆ ಕಾರು ತೆಗೆದು ಮರ್ಕಂಜಕ್ಕೆ ಹೊರಟಳು. ಹೆದರಿಸಿದರೆ ಅವನೇ ಹಿಂದೆ ಸರಿದಾನು ಎಂಬುದು ಅವಳ ಎಣಿಕೆ. ಈ ವರ್ಷ ನನಗೆ ತರಬೇತಿ ಬೇಡ ಎಂದು ಅವನು ಒಂದು ಸಾಲು ಬರೆದರೆ ಸಾಕು, ಅಮ್ಮನನ್ನು ಪೀಡಿಸುವ ಅಗತ್ಯವೇ ಇಲ್ಲ.

ಅವನು ಅಂಗಳದಲ್ಲಿ ಜೀಪಿಗೆ ನೀರು ಹೊಡೆಯುತ್ತಿದ್ದ. ಅವಳನ್ನು ಕಂಡು ಪೈಪು ಕೆಳಗಿಡಲೂ ಇಲ್ಲ.

"ಓಹೋ, ಪೂಜಿತಾ! ಕಂಗ್ರಾಟ್ಸ್ ಹೇಳ್ಲಿಕ್ಕೆ ಇಷ್ಟು ದೂರ ಬಂದದ್ದಾ ಮಾರಾಯ್ತಿ? ಒಂದು ಮೆಸೇಜ್ ಸಾಕಿತ್ತು."

"ನೀನು ಹುಟ್ಟಿದ್ದು ದೀಪಾವಳಿಗೆ. ನಿನಗೂ ಗೊತ್ತುಂಟು, ನನಗೂ ಗೊತ್ತುಂಟು. ತರಬೇತಿ ಬೇಡ ಅಂತ ಇವತ್ತೇ ಬರೆದು ಕೊಡು. ಇಲ್ಲದಿದ್ರೆ ನಾಳೆ ನಾನು ಬರೀತೇನೆ."

ಅವನ ಮುಖದ ನಗು ಮಾಯವಾಯಿತು. ಆದರೆ ಸೊಕ್ಕು ಇಳಿಯಲಿಲ್ಲ.

"ನಿಮ್ಮ ಕಂಪನಿ ಮುಳುಗ್ತಾ ಇತ್ತು. ಜುಟ್ಟು ಹಿಡಿದು ಮೇಲೆ ಎತ್ತಿದ್ದು ನಾವು. ಕೆಲಸ ಉಳಿದದ್ದೇ ಹೆಚ್ಚು ಅಂತ ಪಟ್ಟಿಯ ಬಾಲದಲ್ಲಿ ನಿಲ್ಲುದು ಬಿಟ್ಟು ಇಲ್ಲಿ ಬಂದು ದರ್ಬಾರು ಮಾಡ್ತೀಯಾ?"

"ನಿಮ್ಮ ಕಂಪನಿ ಕೊಂಡದ್ದು ವಿಮಾನವನ್ನು. ನನ್ನನ್ನಲ್ಲ."

"ಸರಿ, ಬರಿ. ಬರೆದ್ರೆ ಎಂತ ಆಗ್ತದೆ ಗೊತ್ತುಂಟಾ? ಒಂದು ನಂಬರ್ ಕೆಳಗೆ ಇಳಿಯುದಲ್ಲ. ತಾರೀಕು ಸುಳ್ಳು ಅಂತ ಆದ್ರೆ ಲೈಸೆನ್ಸೇ ಹೋಗ್ತದೆ. ಆ ತಾರೀಕು ಬರೆಯುವಾಗ ನನಗೆ ಐದು ವರ್ಷ. ಪೆನ್ನು ಹಿಡಿದದ್ದು ನಾನಾ?"

ಪೂಜಿತಾಳಿಗೆ ಲೈಸೆನ್ಸಿನ ವಿಷಯ ಹೊಳೆದಿರಲಿಲ್ಲ ಎಂದರೆ ತಪ್ಪಾದೀತು. ಹೊಳೆದಿತ್ತು. ಅವಳು ಅದನ್ನು ಆ ಕಡೆ ತಳ್ಳಿ ಕಾರು ಹತ್ತಿದ್ದಳು.

ಗಲಾಟೆ ಕೇಳಿ ಅವನ ತಾಯಿ ತಿಮ್ಮಕ್ಕ ಹೊರಗೆ ಬಂದಳು. ಕೈಯಲ್ಲಿ ನೀರಿನ ಚೊಂಬು, ಬೆಲ್ಲದ ತಟ್ಟೆ. ಹಗೆಯೇ ಆಗಲಿ, ಅಂಗಳಕ್ಕೆ ಬಂದವರಿಗೆ ಬೆಲ್ಲ ನೀರು ಕೊಡದೆ ಮಾತಾಡುವ ಮನೆ ಅದಲ್ಲ. ಜಗಲಿಯ ಮೇಲೆ ಎರಡನ್ನೂ ಇಟ್ಟು, ಮಗನಿಗೆ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಸುಮ್ಮನಿರು ಎಂದು ಗದರಿಸಿ, ಪೂಜಿತಾಳ ಕಡೆ ತಿರುಗಿದಳು.

"ಕಳ್ಳ ತಾರೀಕು ಅಂತ ಹೇಳ್ಲಿಕ್ಕೆ ಬಂದದ್ದಾ ನೀನು? ಆ ತಾರೀಕು ನಾವು ಕೇಳಿದ್ದಲ್ಲ. ಆ ವರ್ಷ ಒಂದನೇ ಕ್ಲಾಸಿಗೆ ಹತ್ತೊಂಬತ್ತೇ ಮಕ್ಕಳು. ಇಪ್ಪತ್ತಾಗದಿದ್ರೆ ಒಂದು ಟೀಚರನ್ನು ತೆಗೀತಾರೆ ಅಂತ ಆಯ್ತು. ತೆಗೆಯುದು ಯಾರನ್ನು? ಕಡೆಗೆ ಬಂದವರನ್ನು. ನಿನ್ನ ಅಮ್ಮನನ್ನು."

ಪೂಜಿತಾ ಏನೋ ಹೇಳಲು ಬಾಯಿ ತೆರೆದಳು. ತಿಮ್ಮಕ್ಕ ಬಿಡಲಿಲ್ಲ.

"ನಿನ್ನ ಅಪ್ಪ ತೀರಿಹೋಗಿ ಎರಡು ವರ್ಷ ಆಗಿರ್ಲಿಲ್ಲ. ನಿನ್ನ ಕೈ ಹಿಡ್ಕೊಂಡು ಬಂದು ಟೀಚರ್ ಇದೇ ಜಗಲಿಯಲ್ಲಿ ಕೂತು ಅತ್ತದ್ದು. ನಿಮ್ಮ ಮಗನನ್ನು ಕೊಡಿ ತಿಮ್ಮಕ್ಕ, ನನ್ನ ಕೆಲಸ ಉಳೀತದೆ ಅಂತ. ಇವನು ಆಗ ಕಡ್ಡಿಯ ಹಾಗೆ ಇದ್ದ. ಇನ್ನೊಂದು ವರ್ಷ ಮನೆಯಲ್ಲಿ ಇರ್ಲಿ ಅಂತ ಇವನ ಅಪ್ಪ ಹಟ ಹಿಡಿದ್ರು. ನಾನು ಅವರ ಹತ್ರ ಜಗಳ ಮಾಡಿ ಇವನನ್ನು ಕಳಿಸಿದೆ. ಕ್ಲಾಸಿನಲ್ಲಿ ನಿದ್ದೆ ಬಂದ್ರೆ ಟೀಚರ್ ಇವನನ್ನು ತನ್ನ ಮೇಜಿನ ಹತ್ರ ಚಾಪೆ ಹಾಕಿ ಮಲಗಿಸ್ತಿದ್ರು. ಆ ಸಂಬಳದಲ್ಲಿ ನೀನು ಓದಿದ್ದು. ಆಕಾಶಕ್ಕೆ ಹೋದದ್ದು."

ಪೂಜಿತಾಳಿಗೆ ಆ ಚಾಪೆ ನೆನಪಿತ್ತು. ಅವನನ್ನು ಮಾತ್ರ ಮಲಗಲು ಬಿಡುತ್ತಾರೆ, ತನ್ನನ್ನು ಬಿಡುವುದಿಲ್ಲ ಎಂದು ಹೊಟ್ಟೆ ಉರಿದದ್ದೂ ನೆನಪಿತ್ತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ನಾಚಿಕೆಯಾದರೆ ಕೆಲವರು ತಲೆ ತಗ್ಗಿಸುತ್ತಾರೆ, ಕೆಲವರು ಇನ್ನಷ್ಟು ಕೆಂಡವಾಗುತ್ತಾರೆ. ಇವಳು ಎರಡನೆಯ ಜಾತಿ.

"ಕಾರಣ ಎಂತದೇ ಇರ್ಲಿ ತಿಮ್ಮಕ್ಕ. ತಾರೀಕು ಸುಳ್ಳು. ನನ್ನ ಸೀಟಿನಲ್ಲಿ ಇವನು ಕೂರುದು ಸುಳ್ಳಿನ ಮೇಲೆ."

"ಬರೆದು ಕೊಡುದು ಯಾರು? ಟೀಚರಾ?" ತಿಮ್ಮಕ್ಕ ನಕ್ಕೇ ಬಿಟ್ಟಳು. "ಟೀಚರ್ ಬರೆಯುದಿಲ್ಲ. ಅವರನ್ನು ನನಗೆ ನಿನಗಿಂತ ಚೆನ್ನಾಗಿ ಗೊತ್ತುಂಟು. ಹೋಗು, ಬೆಲ್ಲ ತಿಂದು ನೀರು ಕುಡಿದು ಹೋಗು."

ಪೂಜಿತಾ ಅದನ್ನು ಮುಟ್ಟದೆ ಕಾರು ಹತ್ತಿದಳು. ಹಿಂದಿನಿಂದ ರೂಪೇಶ್ ಜೀಪಿಗೆ ನೀರು ಹೊಡೆಯುವ ಸದ್ದು ಮತ್ತೆ ಕೇಳಿಸಿತು.

ಗುರುವಾರ ಮಧ್ಯಾಹ್ನ, ಊಟದ ಬಟ್ಟಲು ತೊಳೆದಿಟ್ಟ ಮೇಲೆ, ಪೂಜಿತಾ ಅಮ್ಮನ ಎದುರು ಒಂದು ಬಿಳಿ ಹಾಳೆ ಮತ್ತು ಪೆನ್ನು ಇಟ್ಟಳು.

"ನಿನ್ನೆ ಮರ್ಕಂಜಕ್ಕೆ ಹೋಗಿದ್ದೆ. ಇಪ್ಪತ್ತನೇ ಮಗುವಿನ ಕತೆ ಕೇಳಿ ಬಂದೆ. ಇಷ್ಟು ವರ್ಷ ನನ್ನಿಂದ ಅಡಗಿಸಿದ್ದು ಯಾಕೆ?"

ಅಮ್ಮನ ಮುಖ ಒಮ್ಮೆಲೇ ಸೋತಿತು. "ನಾಚಿಕೆ ಮಗಾ," ಎಂದಳು. "ಬೇಡಿ ತಂದ ಮಗು ಅದು. ನಗೆ ಮಾಡಿ ಹೇಳಿದ್ರೆ ಸ್ವಲ್ಪ ಹಗುರ ಆಗ್ತಿತ್ತು."

ಅಲ್ಲಿಗೆ ನಿಲ್ಲಿಸಬಹುದಿತ್ತು. ಅಮ್ಮ ಅಷ್ಟು ಸಣ್ಣದಾಗಿ ಕೂತದ್ದನ್ನು ಪೂಜಿತಾ ಹಿಂದೆಂದೂ ಕಂಡಿರಲಿಲ್ಲ. ಆದರೆ ಅವಳ ತಲೆಯಲ್ಲಿ ಲಡ್ಡಿನ ತಟ್ಟೆ, ನಾಲ್ಕು ಪಟ್ಟಿ, ತಿಮ್ಮಕ್ಕನ ಆ ನಗು. ಇನ್ನು ಎಷ್ಟೋ ವರ್ಷ ಬಲಗಡೆ ಕೂತು ಇವನನ್ನು ಕ್ಯಾಪ್ಟನ್ ಎಂದು ಕರೆಯಬೇಕು.

"ನಿನ್ನ ಕೆಲಸ ಉಳಿಸ್ಲಿಕ್ಕೆ ಸುಳ್ಳು ಬರೀಲಿಕ್ಕೆ ಆಯ್ತು. ನನ್ನ ಕೆಲಸಕ್ಕೆ ಸತ್ಯ ಬರೀಲಿಕ್ಕೆ ಆಗುದಿಲ್ಲವಾ?"

ಮಾತು ಬಾಯಿಂದ ಜಾರಿದ್ದಲ್ಲ. ದಾರಿಯುದ್ದಕ್ಕೂ ಅವಳು ಅದನ್ನು ಮಸೆದು ತಂದಿದ್ದಳು. ಅಮ್ಮ ಕನ್ನಡಕ ಹಾಕಿಕೊಂಡು ಪೆನ್ನು ಎತ್ತಿದಳು. ಎಲ್ಲೂ ತಡೆಯದೆ, ಬೋರ್ಡಿನ ಮೇಲೆ ಬರೆಯುವ ಆ ಗುಂಡು ಅಕ್ಷರದಲ್ಲಿ ಬರೆದಳು. ಮಗು ಹುಟ್ಟಿದ್ದು ದೀಪಾವಳಿಗೆ. ಜೂನ್ ಒಂದು ಎಂದು ಬರೆದವಳು ನಾನು. ನನ್ನ ಹುದ್ದೆ ಉಳಿಸಿಕೊಳ್ಳಲು ಬರೆದೆ. ಹೆತ್ತವರು ಕೇಳಿರಲಿಲ್ಲ, ಮಗುವಿಗೆ ತಿಳಿದಿರಲಿಲ್ಲ. ಎಲ್ಲ ತಪ್ಪೂ ನನ್ನದು. ಕೆಳಗೆ ಸಹಿ, ತಾರೀಕು.

"ಹುದ್ದೆಯ ವಿಷಯ ಬೇಡ ಅಮ್ಮ. ನಾಳೆ ನಿನ್ನ ಪೆನ್ಶನಿಗೆ ತೊಂದರೆ ಆದ್ರೆ?"

"ಬರೆದ್ರೆ ಎಲ್ಲ ಬರೆಯುದು. ಇಲ್ಲದಿದ್ರೆ ಹರಿದು ಬಿಸಾಡು."

ಪೂಜಿತಾ ಹರಿಯಲಿಲ್ಲ. ಫೋನಿನಲ್ಲಿ ಫೋಟೋ ತೆಗೆದು ಆಕ್ಷೇಪದ ಅರ್ಜಿಗೆ ಸೇರಿಸಿದಳು. ತಲೆ ಎತ್ತಿದಾಗ ಅಮ್ಮ ಸೀರೆ ಬದಲಿಸಿ, ಕೈಚೀಲ ಹಿಡಿದು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು.

"ಎಲ್ಲಿಗೆ ಹೊರಟದ್ದು?"

"ಮರ್ಕಂಜಕ್ಕೆ."

"ಹುಚ್ಚಾ ನಿನಗೆ? ಅವರು ನಿನ್ನನ್ನು ಬೈದು ಅಟ್ಟಿಯಾರು."

"ಅಟ್ಟಲಿ. ನಿನ್ನ ಮಗ ಇನ್ನು ವಿಮಾನ ಹಾರಿಸುದಿಲ್ಲ ಅಂತ ತಿಮ್ಮಕ್ಕನಿಗೆ ಕಂಪನಿಯ ಕಾಗದ ಹೇಳುದಾ? ಅವತ್ತು ಅವನನ್ನು ಶಾಲೆಗೆ ಕೊಡಿ ಅಂತ ಕೇಳ್ಲಿಕ್ಕೆ ಹೋದದ್ದು ನಾನು. ಇದನ್ನು ಹೇಳ್ಲಿಕ್ಕೆ ಹೋಗುದೂ ನಾನೇ."

"ನಿಲ್ಲು, ಕಾರಿನಲ್ಲಿ ಬಿಡ್ತೇನೆ."

"ನಿನ್ನ ಕಾರು ಬೇಡ. ಐದು ಗಂಟೆಯೊಳಗೆ ನಿನ್ನ ಕೆಲಸ ಮುಗಿಸು."

ಪೂಜಿತಾ ಹಿಂದೆಯೇ ಕಬಕದ ಜಂಕ್ಷನಿನವರೆಗೆ ನಡೆದಳು. ಅಮ್ಮ ಒಮ್ಮೆಯೂ ತಿರುಗಿ ನೋಡಲಿಲ್ಲ. ಪುತ್ತೂರಿನ ಬಸ್ಸು ಬಂತು. ಅಮ್ಮ ಕಂಬಿ ಹಿಡಿದು ಕಷ್ಟಪಟ್ಟು ಹತ್ತಿದಳು. ಕಂಡಕ್ಟರ್ ಅವಳ ಹಿಂದೆ ನಿಂತಿದ್ದ ಪೂಜಿತಾಳನ್ನು ನೋಡಿ, "ನೀವೂ ಉಂಟಾ?" ಎಂದು ಕೇಳಿದ. ಒಳಗಿನಿಂದ ಅಮ್ಮನೇ "ಇಲ್ಲ, ಒಂದೇ ಟಿಕೆಟು," ಎಂದಳು. ಬಸ್ಸು ಹೊರಟಿತು.

ನಾಲ್ಕೂ ನಲವತ್ತು. ಪೂಜಿತಾ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಫೋನ್ ತೆರೆದಳು. ಅರ್ಜಿ ಸಿದ್ಧವಾಗಿತ್ತು, ಅಮ್ಮನ ಅಕ್ಷರ ಅಷ್ಟು ಚಿಕ್ಕ ಪರದೆಯಲ್ಲೂ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಹದಿನೈದು ನಿಮಿಷ ಹಾಗೇ ಕೂತಳು. ಅಳಿಸಿಬಿಟ್ಟು ಬಸ್ಸಿನ ಹಿಂದೆ ಕಾರು ಓಡಿಸಿದರೆ ಸುಳ್ಯಕ್ಕೆ ಮುಟ್ಟುವ ಮೊದಲೇ ಅಮ್ಮನನ್ನು ಇಳಿಸಿಕೊಳ್ಳಬಹುದಿತ್ತು, ಅದು ಅವಳಿಗೆ ಗೊತ್ತಿತ್ತು. ಐದಕ್ಕೆ ಮೂರು ನಿಮಿಷ ಇರುವಾಗ ಅವಳು ಅರ್ಜಿ ಕಳಿಸಿದಳು. ನಿಮ್ಮ ಆಕ್ಷೇಪ ಸ್ವೀಕರಿಸಲಾಗಿದೆ ಎಂದು ಬಂತು.

ಎಡಗಡೆಯ ಸೀಟು ಇನ್ನು ತನ್ನದೇ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಸಂತೋಷ ಮಾತ್ರ ಬರಲಿಲ್ಲ. ಬಸ್ಸು ಪುತ್ತೂರು ಮುಟ್ಟಿರಬೇಕು, ಅಲ್ಲಿಂದ ಸುಳ್ಯ, ಸುಳ್ಯದಿಂದ ಇನ್ನೊಂದು ಬಸ್ಸು. ಇನ್ನೂ ಎರಡು ಗಂಟೆ ಹೊತ್ತು ತಿಮ್ಮಕ್ಕ, ಟೀಚರ್ ಬರೆಯುವುದಿಲ್ಲ ಎಂದು ನಂಬಿಕೊಂಡೇ ಇರುತ್ತಾಳೆ.