ಎಂಟು ಗಂಟೆಯ ಶಾರ್ವರಿ

ಹೊನ್ನಮ್ಮನ ಹೆಣವಿನ್ನೂ ಅಂಗಳದಲ್ಲೇ ಇತ್ತು. ಸೊಸೆ ಕವಿತಾ ಒಳಗೆ ಹೋಗಿ ಟಿ.ವಿ.ಯ ವೈರು ಕಿತ್ತು, ಮೇಲೊಂದು ಹಳೆಯ ಚಾದರ ಹೊದೆಸತೊಡಗಿದಳು. ಸೂತಕದ ಮನೆಯಲ್ಲಿ ಹನ್ನೊಂದು ದಿನ ಟಿ.ವಿ. ಹಾಕುವ ಹಾಗಿಲ್ಲ. ಆದರೆ ‘ಎಂಟು ಗಂಟೆಯದು’ ಮುಗಿಯುವುದಿದ್ದದ್ದು ಅದೇ ರಾತ್ರಿ. ಆ ಧಾರಾವಾಹಿಗೆ ಒಳ್ಳೆಯದೊಂದು ಹೆಸರೂ ಇತ್ತು. ಬೆಳಂಬಾರದ ಈ ಕೇರಿಯಲ್ಲಿ ಯಾರೂ ಅದನ್ನು ಬಾಯಲ್ಲಿ ಹೇಳಿದವರಲ್ಲ. ಆರು ವರ್ಷ ಅದಕ್ಕೋಸ್ಕರ ಏಳೂವರೆಗೇ ಅನ್ನ ಬಸಿದಿಟ್ಟು ಕೂರುತ್ತಿದ್ದ ಹೊನ್ನಮ್ಮ, ಕೊನೆಯ ಕಂತಿನ ದಿನ ಬೆಳಿಗ್ಗೆ ಚಾ ಕುಡಿಯುತ್ತ ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ.

“ಇನ್ನೊಂದು ದಿನ ತಡೀಲಿಕ್ಕೆ ಆಗ್ಲಿಲ್ವೇ ನಿಂಗೆ?” ಎಂದು ಪಕ್ಕದ ಮನೆಯ ಸುಬ್ಬಿ ಹೆಣದ ಕಾಲು ಹಿಡಿದು ಅತ್ತಳು. ಅಳುವವರ ನಡುವೆ ಯಾರಿಗೋ ನಗು ಬಂತು. ನಕ್ಕವರೇ ಆಮೇಲೆ ಎಲ್ಲರಿಗಿಂತ ಜೋರಾಗಿ ಅತ್ತರು.

ಗಂಡಸರು ಹೊತ್ತುಕೊಂಡು ಹೋದರು. ಹೆಂಗಸರು ಮನೆ ತೊಳೆದು, ಮಿಂದು, ಜಗಲಿಯಲ್ಲಿ ಕೂತರು. ಹಿತ್ತಲಾಚೆಯ ಮನೆಯ ಗಂಗೆ ಮಾತ್ರ ಒದ್ದೆ ತಲೆಯಲ್ಲೇ ಕಂಬ ಹಿಡಿದು ನಿಂತಿದ್ದಳು. ಅವಳು ಹೊನ್ನಮ್ಮನ ಜೀವದ ಗೆಳತಿ. ಮಧ್ಯಾಹ್ನ ಅಂಕೋಲೆಯ ಖಾನಾವಳಿಗೆ ಅಡಿಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ ಒಂಬತ್ತಕ್ಕೆ. ಹಾಗಾಗಿ ಎಂಟು ಗಂಟೆಯದನ್ನು ಅವಳು ಒಂದು ದಿನವೂ ಕಣ್ಣಾರೆ ಕಂಡವಳಲ್ಲ. ಮರುದಿನ ಬೆಳಿಗ್ಗೆ ಶೇಂಗಾ ಗದ್ದೆಯಲ್ಲಿ ಕಳೆ ಕೀಳುತ್ತ ಹೊನ್ನಮ್ಮ ಹೇಳಿದ್ದೇ ಅವಳ ಪಾಲಿನ ಧಾರಾವಾಹಿ.

“ಸುಬ್ಬೀ, ಇವತ್ತು ನಾ ಕೆಲ್ಸಕ್ಕೆ ಹೋಗೂದಿಲ್ಲ. ಎಂಟಕ್ಕೆ ನಿಮ್ಮನೆಗೆ ಬತ್ತೆ. ಶಾರ್ವರಿ ಇವತ್ತು ಮನೆಗೆ ಬಂದೇ ಬರ್ತದೆ ಅಂತ ಹೊನ್ನಮ್ಮ ನಿನ್ನೆ ಹೇಳಿತ್ತು. ಅದು ಬಂದದ್ದು ಒಂದ್ಸಲ ಕಣ್ಣಲ್ಲಿ ನೋಡಿದ್ರೆ ನಂಗೆ ಸಾಕು.”

ಸುಬ್ಬಿ ಕವಿತಾಳ ಮುಖ ನೋಡಿದಳು. ಎಂಟು ಗಂಟೆಯದರಲ್ಲಿ ಶಾರ್ವರಿ ಸತ್ತು ನಾಲ್ಕು ವರ್ಷವಾಗಿತ್ತು.

*

ಆಗ ಕವಿತಾ ಮದುವೆಯಾಗಿ ಬಂದ ಹೊಸತು. ಗಂಗೆಯ ಒಬ್ಬಳೇ ಮಗಳು ಬೇಬಿ, ಗಾರೆ ಕೆಲಸದವನೊಬ್ಬನ ಜೊತೆ ಗೋವೆಯ ಬಸ್ಸು ಹತ್ತಿ ಎರಡು ತಿಂಗಳಾಗಿತ್ತು. ಕಾಗದವಿಲ್ಲ, ಫೋನಿಲ್ಲ. ಧಾರಾವಾಹಿಯ ಶಾರ್ವರಿಯೂ ಅದೇ ಹೊತ್ತಿಗೆ ಮನೆ ಬಿಟ್ಟು ಓಡಿದಳು. ಓಡಿದ ಎಂಟನೇ ದಿನ ಲಾರಿಯಡಿ ಸಿಕ್ಕಿ ಸತ್ತಳು. ಆ ರಾತ್ರಿ ಕೇರಿಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಮರುದಿನ ಗದ್ದೆಯಲ್ಲಿ ಗಂಗೆ ಕೇಳಿದಳು. “ನಿನ್ನೆ ಎಂತ ಆಯ್ತೇ? ಶಾರ್ವರಿ ಸಿಕ್ತಾ?”

ಸಾಲಿನಲ್ಲಿದ್ದ ಹೆಂಗಸರ ಕೈಯೆಲ್ಲ ನಿಂತಿತು. ಹೊನ್ನಮ್ಮನ ಕೈ ಮಾತ್ರ ನಿಲ್ಲಲಿಲ್ಲ. “ಇಲ್ಲ ಮಾರಾಯ್ತಿ. ಪುಣೆಗೆ ಹೋಯ್ತಂತೆ. ಒಂದು ರೂಮು ಮಾಡಿದಾರೆ, ಸಣ್ಣದು. ನಳದ ನೀರು ಬರ್ತದಂತೆ” ಎಂದಳು.

ಮನೆಗೆ ಬಂದ ಮೇಲೆ ಕವಿತಾ ತಡೆಯಲಾರದೆ ಕೇಳಿದಳು. “ಅತ್ತೇ, ಸುಳ್ಳು ಯಾಕೆ ಹೇಳಿದ್ರಿ?”

“ಗಂಗೆ ಮಗಳು ಮನೆ ಬಿಟ್ಟದ್ದು ಟಿ.ವಿ.ಯವ್ರಿಗೆ ಗೊತ್ತುಂಟಾ? ಗೊತ್ತಿದ್ರೆ ಅವ್ರೂ ಲಾರಿ ಬಿಡ್ತಿರಲಿಲ್ಲ” ಎಂದಳು ಹೊನ್ನಮ್ಮ. ಅಷ್ಟು ಹೇಳಿ ಮೀನು ಹೆಚ್ಚಲು ಕೂತಳು.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಶಾರ್ವರಿ ಪುಣೆಯಲ್ಲಿ ಹೊಲಿಗೆ ಕಲಿತಳು. ಅವಳಿಗೆ ಕಾಮಾಲೆ ಆಯಿತು, ಗುಣವೂ ಆಯಿತು. ಗಣೇಶ ಚೌತಿಗೆ ತಾಯಿಯನ್ನು ನೆನೆದು ಅತ್ತಳು. ಕೇರಿಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಬಿಡುವುದಿರಲಿ, ಟಿ.ವಿ.ಯಲ್ಲಿ ನೋಡಿದವರೇ ಬೆಳಿಗ್ಗೆ ಹೊನ್ನಮ್ಮನ ಪಕ್ಕದ ಸಾಲಿಗೆ ಜಗಳ ತೆಗೆಯುತ್ತಿದ್ದರು. ಬೇಬಿಯ ಸುದ್ದಿ ಮಾತ್ರ ಬರಲೇ ಇಲ್ಲ.

*

“ಗಂಗೆಗೆ ಹೇಳಿಬಿಡುವಾ?” ಎಂದಳು ಸುಬ್ಬಿ, ಬಾವಿಕಟ್ಟೆಯ ಹಿಂದೆ.

“ಇವತ್ತಾ, ಸುಬ್ಬಕ್ಕಾ?” ಎಂದಳು ಕವಿತಾ. “ಅತ್ತೆ ಹೋಯ್ತು. ಇವತ್ತೇ ಶಾರ್ವರಿನೂ ಹೋದ್ರೆ ಗಂಗಕ್ಕ ಬೇಬಿ ಆಸೇನೂ ಬಿಟ್ಟುಬಿಡ್ತದೆ.”

ಸುಬ್ಬಿಯ ಮಗ ಜಟ್ಟು ಊರಿಗೆಲ್ಲ ಕೇಬಲ್ ಕೊಟ್ಟವನು. ಆಗಷ್ಟೇ ಸ್ಮಶಾನದಿಂದ ಬಂದು ಮಿಂದು ನಿಂತಿದ್ದ. ತಾಯಿ ಹೇಳಿದ್ದು ಕೇಳಿ ಅವನಿಗೆ ಮೈ ಒರೆಸಿಕೊಳ್ಳುವುದೇ ಮರೆತುಹೋಯಿತು.

“ಲೈನ್ ಬಂದ್ ಮಾಡೂದಾ? ಇವತ್ತಾ? ಆಯೀ, ನನ್ನನ್ನ ಜೀವ ಸಹಿತ ಬಿಡ್ತಾರಾ?”

“ಹೊನ್ನಮ್ಮನ್ನ ಹೊತ್ತ ಹೆಗಲು ನಿಂದು. ಇಷ್ಟು ಮಾಡು” ಎಂದಳು ಸುಬ್ಬಿ. ಹೇಳಿದ ಮೇಲೆ ತಾನೂ ನೋಡುವ ಹಾಗಿಲ್ಲ ಎಂಬುದು ಹೊಳೆದು ಅವಳ ಮುಖ ಸಣ್ಣದಾಯಿತು. ಆರು ವರ್ಷದಲ್ಲಿ ಅವಳು ತಪ್ಪಿಸಿಕೊಂಡದ್ದು ಮೂರೇ ಕಂತು, ಅದೂ ಹೆರಿಗೆಗೆ ಬಂದ ಮಗಳ ದೆಸೆಯಿಂದ.

ಎಂಟು ಗಂಟೆಗೆ ಗಂಗೆ ಸುಬ್ಬಿಯ ಟಿ.ವಿ. ಮುಂದೆ, ಎಲ್ಲರಿಗಿಂತ ಮುಂದೆ ಕೂತಳು. ಪರದೆಯ ತುಂಬ ಬರೀ ಚುಕ್ಕೆ. ಕೇರಿಯ ಆ ತುದಿಯಿಂದ ಈ ತುದಿಯವರೆಗೆ “ಏ ಜಟ್ಟೂ!” ಎಂಬ ಕೂಗೆದ್ದಿತು. ಅವನ ಹಿಂದಿನ ಮೂರು ತಲೆಯವರಿಗೂ ಬೈಗುಳ ಸಂದಿತು. ಸುಬ್ಬಿ ಎಲ್ಲವನ್ನೂ ಕೇಳಿಸಿಕೊಂಡಳು.

“ಹೊನ್ನಮ್ಮ ಇದ್ದಿದ್ರೆ ಹ್ಯಾಗಾದ್ರೂ ತಿಳ್ಕೊಂಡು ಬಂದು ಹೇಳ್ತಿತ್ತು” ಎಂದಳು ಗಂಗೆ. ಬೆಳಗಿನಿಂದ ಅಳದವಳು ಈಗ ಸೆರಗು ಬಾಯಿಗೊತ್ತಿ ಅಳತೊಡಗಿದಳು. “ಬಂತೋ ಇಲ್ವೋ ಅಂತ ಇನ್ನು ಯಾರ ಹತ್ರ ಕೇಳೂದೇ?”

ಸೂತಕವೆಂದು ಹೊಸ್ತಿಲಾಚೆ ನಿಂತಿದ್ದ ಕವಿತಾಗೆ ಅದನ್ನು ನೋಡಲಾಗಲಿಲ್ಲ. ಟಿ.ವಿ. ನಿಲ್ಲಿಸಿದರೆ ಸಾಕೆಂದುಕೊಂಡಿದ್ದೇ ತಪ್ಪು. ಅತ್ತೆ ಕಥೆ ನಿಲ್ಲಿಸಿದವಳಲ್ಲ, ಹೇಳಿದವಳು.

“ಗಂಗಕ್ಕಾ, ಏಳಿ. ನಮ್ಮನೆಗೆ ಬನ್ನಿ. ಹಣಕೋಣಕ್ಕೆ ಫೋನ್ ಮಾಡ್ತೆ. ಅಲ್ಲಿ ಕೇಬಲ್ ಇರ್ತದೆ.”

ಹಣಕೋಣ ಅವಳ ತವರು. ಪರೀಕ್ಷೆಯೆಂದು ಮಣ್ಣಿಗೂ ಬಾರದ ತಂಗಿ ರಕ್ಷಿತಾ ಟಿ.ವಿ. ಮುಂದೆಯೇ ಫೋನ್ ಎತ್ತಿದಳು. ಗಂಗೆ ಕವಿತಾಳ ಕಾಲ ಬಳಿ ಕೂತಳು. ಹಿಂದೆಯೇ ಕೇರಿಯ ಹೆಂಗಸರೆಲ್ಲ ಬಂದು ಜಗಲಿ ತುಂಬಿದರು.

“ಎಂತ ಆಗ್ತಾ ಇದೆ ಹೇಳ್ತಾ ಹೋಗು” ಎಂದಳು ಕವಿತಾ ಫೋನಿನಲ್ಲಿ.

“ಮೊಮ್ಮಗನ ಮದ್ವೆ ಅಕ್ಕಾ. ಎಲ್ಲರೂ ಚಾವಡೀಲಿ ಇದ್ದಾರೆ” ಎಂದಳು ರಕ್ಷಿತಾ.

“ಎಲ್ಲರೂ ಚಾವಡೀಲಿ ಇದ್ದಾರೆ” ಎಂದಳು ಕವಿತಾ.

“ಅಜ್ಜಿ ಅಳ್ತಾ ಇದೆ. ಈಗ ಹಾರ ಹಾಕ್ತಿದ್ದಾರೆ.”

“ಅಜ್ಜಿ ಅಳ್ತಾ ಇದೆ. ಹಾರ ಹಾಕ್ತಿದ್ದಾರೆ.”

“ಯಾರಿಗೆ?” ಎಂದಳು ಗಂಗೆ.

“ಶಾರ್ವರಿ ಫೋಟೋಕ್ಕೆ” ಎಂದಳು ರಕ್ಷಿತಾ.

ಕವಿತಾ ರಿಸೀವರನ್ನು ಕಿವಿಗೆ ಇನ್ನೂ ಒತ್ತಿ ಹಿಡಿದಳು.

“ಶಾರ್ವರಿಗೆ, ಗಂಗಕ್ಕಾ. ಬಂದದೆ. ಬಾಗಿಲಲ್ಲೇ ನಿಲ್ಸಿ ಹಾರ ಹಾಕಿ ಒಳಗೆ ಕರೀತಿದ್ದಾರೆ.”

“ಅಕ್ಕಾ, ಎಂತ ಹೇಳ್ತಿದ್ದೀ? ಹುಚ್ಚಾ ನಿಂಗೆ?” ಎಂದು ರಕ್ಷಿತಾ ಕಿರುಚಿದಳು.

“ಸೊರಗಿದ್ಯಾ?” ಎಂದಳು ಗಂಗೆ.

“ಸ್ವಲ್ಪ. ಕಾಮಾಲೆ ಆಗಿತ್ತಲ್ಲ.”

“ಅವ್ನು?”

“ಅವ್ನೂ ಬಂದಾನೆ. ಹೊರಗೆ ನಿಂತಾನೆ.”

ಗಂಗೆ ಕಣ್ಣೊರೆಸಿಕೊಂಡಳು. “ಅವ್ನನ್ನ ಹೊರಗೆ ಯಾಕೆ ನಿಲ್ಸ್ತಾರೆ? ಒಳಗೆ ಕರೀಲಿಕ್ಕೆ ಹೇಳು.”

“ಕರೆದ್ರು, ಗಂಗಕ್ಕಾ. ಈಗಷ್ಟೇ ಕರೆದ್ರು.”

“ಮುಗೀತು ಮಾರಾಯ್ತಿ, ಹೆಸ್ರು ಬರ್ತಾ ಇದೆ. ನಾಳೆ ಮಾತಾಡ್ತೆ” ಎಂದು ರಕ್ಷಿತಾ ಫೋನಿಟ್ಟಳು.

“ಊಟಕ್ಕೆ ಎಂತ ಮಾಡಿದಾರೆ?” ಎಂದು ಸುಬ್ಬಿ ಹಿಂದಿನಿಂದ ಕೇಳಿದಳು. ಜಗಲಿಯವರೆಲ್ಲ ಇನ್ನಷ್ಟು ಹತ್ತಿರ ಸರಿದರು. ಗಂಗೆ ಕವಿತಾಳ ಸೀರೆಯ ಅಂಚು ಹಿಡಿದುಕೊಂಡಳು. ಗುಂಯ್‌ಗುಡುವ ರಿಸೀವರನ್ನು ಕಿವಿಗಿಟ್ಟುಕೊಂಡೇ, ಆಚೆಯಿಂದ ಯಾರೋ ಹೇಳುತ್ತಿದ್ದಾರೆಂಬಂತೆ ನಡುನಡುವೆ ತಲೆಯಾಡಿಸುತ್ತ, ಕವಿತಾ ಶಾರ್ವರಿಗೆ ಮಣೆ ಹಾಕಿ ಬಡಿಸತೊಡಗಿದಳು.