ಬೈರಮ್ಮ ಸಾಕಿದ ಉಣ್ಣೆಗಳು

ಹಸು ಸಾಕಿದವರಿಗೆ ಉಣ್ಣೆ ಹುಳದ ಕಾಟ ಎಂಥದ್ದೆಂದು ಹೊಸದಾಗಿ ಹೇಳಬೇಕಾಗಿಲ್ಲ. ಇವತ್ತು ಕಿತ್ತರೆ ನಾಳೆ ಮತ್ತೆ ಹತ್ತಿರುತ್ತದೆ. ಬಾಲದ ಬುಡದಲ್ಲಿ, ಕೆಚ್ಚಲ ಪಕ್ಕದಲ್ಲಿ, ಕುತ್ತಿಗೆಯ ಮಡಿಕೆಯಲ್ಲಿ ರಕ್ತ ಕುಡಿದು ಹರಳುಬೀಜದ ಹಾಗೆ ಊದಿಕೊಂಡು ಕೂತಿರುತ್ತದೆ. ಹೊರಮಾವಿನ ಬೈರಮ್ಮನ ಕೊಟ್ಟಿಗೆಯಲ್ಲೂ ಇದೇ ಗೋಳು.

ಹೊರಮಾವು ಇನ್ನೂ ಹಳ್ಳಿಯಾಗಿದ್ದಾಗ ಬೈರಮ್ಮ ಈ ಮನೆಗೆ ಸೊಸೆಯಾಗಿ ಬಂದವಳು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು ಬೆಳೆದಿದೆ. ತಿಂಗಳಾದರೆ ಬಾಡಿಗೆ ಬರುತ್ತದೆ, ಉಣ್ಣುವುದಕ್ಕೆ ಉಡುವುದಕ್ಕೆ ಕೊರತೆಯಿಲ್ಲ. "ಈ ವಯಸ್ಸಲ್ಲಿ ಸಗಣಿ ಬಾಚೋ ಕರ್ಮ ಯಾಕೆ ನಿಂಗೆ" ಎಂದು ಗಂಡ ಮುನಿಆಂಜನಪ್ಪ ಹೇಳಿ ಹೇಳಿ ಸುಸ್ತಾಗಿದ್ದಾನೆ. ಬಾಗಿಲಲ್ಲಿ ಹಸು ಇಲ್ಲದ ಮನೆ ಬೈರಮ್ಮನಿಗೆ ಮನೆಯೇ ಅಲ್ಲ.

ಈಗ ಇರುವ ಹಸುವಿನ ಹೆಸರು ಸಂಪಿಗೆ. ಸಾಧು ಪ್ರಾಣಿ. ಸುತ್ತಮುತ್ತ ಯಾರೇ ಹೊಸ ಫ್ಲ್ಯಾಟು ತೆಗೆದುಕೊಳ್ಳಲಿ, ಗೃಹಪ್ರವೇಶಕ್ಕೆ ಸಂಪಿಗೆಯೇ ಆಗಬೇಕು. ಸರ್ವಿಸ್ ಲಿಫ್ಟಿನಲ್ಲಿ ನಿಂತು ಎಂಟನೇ ಮಹಡಿಗೆ ಹೋಗಿ, ಅಕ್ಕಿ ಬೆಲ್ಲ ತಿಂದು, ಕೈಮುಗಿಸಿಕೊಂಡು ಇಳಿದು ಬರುವ ಗಟ್ಟಿಗಿತ್ತಿ ಅದು. ಮನುಷ್ಯರೇ ಲಿಫ್ಟಿಗೆ ಹೆದರುತ್ತಾರೆ, ಸಂಪಿಗೆ ಹೆದರುವುದಿಲ್ಲ. ಈಗ ಅದು ತುಂಬಿದ ಗಬ್ಬ, ಚೊಚ್ಚಲು ಕರು.

ಅಷ್ಟು ಮುದ್ದಿನ ಹಸುವಿನ ಮೈಯಿಂದ ಬೈರಮ್ಮ ದಿನಾ ಬೆಳಿಗ್ಗೆ ಉಣ್ಣೆ ಕೀಳುತ್ತಿದ್ದಳು. ಆದರೆ ಕಿತ್ತದ್ದನ್ನು ಸಾಯಿಸುತ್ತಿರಲಿಲ್ಲ. ಉಣ್ಣೆಯ ಹೊಟ್ಟೆಯಲ್ಲಿ ಇರುವುದು ಹಸುವಿನ ರಕ್ತ, ಹಿಸುಕಿದರೆ ಗೋವಿನ ರಕ್ತ ನೆಲಕ್ಕೆ ಬೀಳುತ್ತದೆ, ಅದು ಮನೆಗೆ ಒಳ್ಳೆಯದಲ್ಲ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದರು. ಹಾಗಾಗಿ ಕಿತ್ತದ್ದನ್ನೆಲ್ಲ ಒಂದು ಎಲೆಯ ಮೇಲೆ ಹಾಕಿಕೊಂಡು, ಕೊಟ್ಟಿಗೆಯ ಹಿಂದಿನ ಕಲ್ಲುಗೋಡೆಯ ಸಂದಿಗೆ ಬಿಟ್ಟು ಬರುತ್ತಿದ್ದಳು. ಗೋಡೆಯಾಚೆ ಖಾಲಿ ಸೈಟು, ಮೊಣಕಾಲುದ್ದ ಹುಲ್ಲು. "ಹೋಗಿ, ಎಲ್ಲಾದ್ರೂ ಬದುಕ್ಕೊಳ್ಳಿ" ಎಂದು ಹೇಳುವುದೂ ಉಂಟು. ಉಣ್ಣೆಗಳು ಅವಳ ಮಾತನ್ನು ಚೆನ್ನಾಗಿಯೇ ಕೇಳಿದವು.

ಒಂದು ಬೆಳಿಗ್ಗೆ ಆ ಖಾಲಿ ಸೈಟಿನಲ್ಲಿ ಒಬ್ಬ ಹುಡುಗಿ ಕಾಣಿಸಿದಳು. ಉದ್ದದ ಕೋಲಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಹುಲ್ಲಿನ ಮೇಲೆ ಮೆಲ್ಲಗೆ ಎಳೆಯುತ್ತಾ ಹೋಗುತ್ತಿದ್ದಳು. ಹೊರಮಾವಿನಲ್ಲಿ ಖಾಲಿ ಸೈಟಿನೊಳಗೆ ಯಾರಾದರೂ ಏನಾದರೂ ಎಳೆದುಕೊಂಡು ಓಡಾಡಿದರೆ ಅಕ್ಕಪಕ್ಕದವರ ಎದೆ ಧಸಕ್ಕೆನ್ನುತ್ತದೆ. ಬೈರಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

"ಯಾರಮ್ಮ ನೀನು? ಸೈಟ್ ಅಳೆಯಕ್ಕೆ ಬಂದಿದ್ಯಾ? ಈ ಕಲ್ಲಿಂದ ಈಚೆ ನಮ್ದು, ನೋಡ್ಕೋ."

"ಅಳೆಯಕ್ಕಲ್ಲ ಅಜ್ಜಿ. ಉಣ್ಣೆ ಹಿಡೀತಿದೀನಿ."

"ಉಣ್ಣೆ ಬೇಕಾದ್ರೆ ನಮ್ಮ ಕೊಟ್ಟಿಗೆಗೆ ಬಾ, ಮಡಿಲು ತುಂಬಿ ಕಳಿಸ್ತೀನಿ. ಹುಲ್ಲಲ್ಲಿ ಬಟ್ಟೆ ಎಳೆದ್ರೆ ಉಣ್ಣೆ ಸಿಗುತ್ತಾ? ಯಾರ ಮಗಳು ನೀನು?"

"ಕಗ್ಗದಾಸಪುರದ ಅಂಜನಮೂರ್ತಿ ಮಗಳು, ರಮ್ಯಶ್ರೀ ಅಂತ. ಉಣ್ಣೆ ಎಲ್ಲಿ ಬದುಕುತ್ತೆ, ಹೆಂಗೆ ಹರಡುತ್ತೆ ಅಂತ ರಿಸರ್ಚ್ ಮಾಡ್ತಿದೀನಿ."

"ಅಪ್ಪ ಅಮ್ಮ ಓದಿಸಿದ್ದು ಇದಕ್ಕೇನಾ?"

ರಮ್ಯಶ್ರೀ ನಕ್ಕು ಬಟ್ಟೆಯನ್ನು ತಿರುವಿ ತೋರಿಸಿದಳು. ಬಿಳಿ ಬಟ್ಟೆಯ ತುಂಬ ಕಂದು ಬಣ್ಣದ ಧೂಳು ಅಂಟಿತ್ತು. ಬೈರಮ್ಮ ಕಣ್ಣು ಕಿರಿದು ಮಾಡಿಕೊಂಡು ಬಗ್ಗಿದಳು. ಧೂಳು ನಡೆಯುತ್ತಿತ್ತು.

"ಇವೆಲ್ಲಾ ಉಣ್ಣೆ ಮರಿಗಳು ಅಜ್ಜಿ. ಹುಲ್ಲಿನ ತುದಿಗೆ ಹತ್ತಿ ಕಾಯ್ತಾ ಇರ್ತವೆ. ಹಸು ಮೈ ತಗುಲಿದ ತಕ್ಷಣ ಅಂಟ್ಕೊಳ್ತವೆ. ಬಟ್ಟೇನ ಹಸು ಅನ್ಕೊಂಡು ಮೋಸ ಹೋಗಿವೆ. ಹಸು ಮೇಲೆ ನಮಗೆ ಕಾಣ್ಸೋದು ಸ್ವಲ್ಪ. ಉಳಿದದ್ದೆಲ್ಲಾ ಹುಲ್ಲಲ್ಲಿ, ಗೋಡೆ ಸಂದೀಲಿ ಇರುತ್ತೆ. ಬರೀ ಹಸುಗೆ ಔಷಧಿ ಹೊಡೆದ್ರೆ ಅದಕ್ಕೇ ಸಾಲಲ್ಲ."

"ಇದು ಹಿಂದ್ಗಡೆ ಬೀದಿ ರಹೀಂ ಮೇಕೆಗಳಿಂದ ಬಂದಿದ್ದು. ಅವನೂ ಇಲ್ಲೇ ಮೇಯಿಸ್ತಾನೆ," ಎಂದಳು ಬೈರಮ್ಮ. ತನ್ನ ಹಸುವಿನ ಮೇಲೆ ಮಾತು ಬಂದರೆ ಅವಳು ಸುಮ್ಮನಿರುವವಳಲ್ಲ. "ನಾನು ದಿನಾ ಕಿತ್ತು ಆ ಗೋಡೆ ಸಂದೀಗೆ ಬಿಡ್ತೀನಿ. ಬಿಸಿಲಿಗೆ ಸತ್ತು ಹೋಗ್ತವೆ."

ರಮ್ಯಶ್ರೀ ಗೋಡೆಯ ಕಡೆ ನೋಡಿದಳು. ಅಪಾರ್ಟ್‌ಮೆಂಟಿನ ನೆರಳು ಬಿದ್ದು ಕಲ್ಲು ತಣ್ಣಗೆ, ತೇವವಾಗಿತ್ತು. ಉಣ್ಣೆಗೆ ಬೇಕಾದ್ದೇ ಅದು. ಅವಳು ತನ್ನ ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದಳು.

"ಒಂದು ಕೆಲಸ ಮಾಡಿ ಅಜ್ಜಿ. ಚೆನ್ನಾಗಿ ಊದಿರೋ ಒಂದು ಉಣ್ಣೇನ ಇದರೊಳಗೆ ಬಿಡಿ. ಬಾಯಿಗೆ ಬಟ್ಟೆ ಕಟ್ಟಿ ಕೊಟ್ಟಿಗೆ ನೆರಳಲ್ಲಿಡಿ. ಏನಾಗುತ್ತೆ ಅಂತ ನಾನು ಹೇಳಲ್ಲ. ನೀವೇ ನೋಡಿ."

"ನೋಡೇಬಿಡೋಣ," ಎಂದಳು ಬೈರಮ್ಮ. ಅವಳ ಹಠ ಊರಿಗೇ ಗೊತ್ತಿರುವ ಹಠ. ರಮ್ಯಶ್ರೀಯ ಫೋನ್ ನಂಬರನ್ನು ಸೊಸೆ ಪದ್ಮಶ್ರೀಯಿಂದ ಬರೆಸಿಟ್ಟುಕೊಂಡು, ಊದಿದ ಒಂದು ಉಣ್ಣೆ ಬಿಟ್ಟು ಬಾಯಿಗೆ ಬಟ್ಟೆ ಕಟ್ಟಿದ ಬಾಟಲಿಯನ್ನು ಕೊಟ್ಟಿಗೆಯ ಗೂಡಿನಲ್ಲಿಟ್ಟಳು.

ಬಾಟಲಿಯ ವಿಚಾರ ಮರೆತೇ ಹೋಗುವಂಥದ್ದು ಆ ವಾರದಲ್ಲೇ ಆಯಿತು. ಸಂಪಿಗೆ ಹುಲ್ಲು ಮುಟ್ಟಲಿಲ್ಲ. ಮೈ ಮುಟ್ಟಿದರೆ ಕೆಂಡ. ಕಿವಿ ಇಳಿಬಿಟ್ಟು ನಿಂತಿತ್ತು. ಬೈರಮ್ಮ ನೆಲ ನೋಡಿದಳು. ಗಂಜಲ ಕಾಫಿ ಬಣ್ಣಕ್ಕಿತ್ತು.

ಹೋದ ವರ್ಷ ಸಂಪಿಗೆಯ ತಾಯಿ ಮಲ್ಲಿಗೆಗೂ ಹೀಗೇ ಆಗಿತ್ತು. ಗೃಹಪ್ರವೇಶಕ್ಕೆ ಹೋಗಿ ಬಂದದ್ದು, ನೂರು ಜನರ ಕಣ್ಣು ಬಿದ್ದಿದೆ ಎಂದು ದೃಷ್ಟಿ ತೆಗೆದರು, ತಾಯಿತ ಕಟ್ಟಿದರು. ಡಾಕ್ಟರು ಬರುವ ಹೊತ್ತಿಗೆ ಮಲ್ಲಿಗೆ ಕಾಲು ಚಾಚಿತ್ತು. ಬೈರಮ್ಮ ಎರಡು ದಿನ ಅನ್ನ ಮುಟ್ಟಿರಲಿಲ್ಲ.

"ದೃಷ್ಟಿನೇ ಇದು. ಮೊನ್ನೆ ಫ್ಲ್ಯಾಟ್‌ನೋರೆಲ್ಲಾ ಹಸು ಪಕ್ಕ ನಿಂತ್ಕೊಂಡು ಫೋಟೋ ತೆಗೆಸ್ಕೊಂಡ್ರು," ಎಂದು ಮುನಿಆಂಜನಪ್ಪ ಉಪ್ಪು ಮೆಣಸಿನಕಾಯಿ ತರಲು ಒಳಗೆ ಹೋದ.

ಬೈರಮ್ಮ ಸೊಸೆಯಿಂದ ರಮ್ಯಶ್ರೀಗೆ ಫೋನ್ ಮಾಡಿಸಿದಳು. ಗಂಜಲದ ಬಣ್ಣ ಕೇಳಿದ ಕೂಡಲೇ ರಮ್ಯಶ್ರೀಯ ದನಿ ಬದಲಾಯಿತು.

"ಅಜ್ಜಿ, ಇದು ಉಣ್ಣೆ ಕಚ್ಚಿ ಬರೋ ಜ್ವರ ಇದ್ದಂಗಿದೆ. ರಕ್ತ ಒಡೆದು ಗಂಜಲದಲ್ಲಿ ಹೋಗ್ತಿದೆ. ದೃಷ್ಟಿ ಆಮೇಲೆ ಬೇಕಾದ್ರೆ ತೆಗೀರಿ. ಮೊದಲು ಪಶು ಆಸ್ಪತ್ರೆ ಡಾಕ್ಟರ್‌ನ ಕರೆಸಿ. ಇವತ್ತೇ. ಹಸು ಗಬ್ಬ ಅಂತ ಮರೀದೆ ಹೇಳಿ."

ಬೈರಮ್ಮ ಗಂಡನನ್ನು ಅಡುಗೆಮನೆಯಿಂದ ಕರೆದಳು. "ರೀ, ಮೆಣಸಿನಕಾಯಿ ಅಲ್ಲೇ ಇಡ್ರಿ. ಸ್ಕೂಟರ್ ತೆಗೀರಿ. ಡಾಕ್ಟರ್‌ನ ಕೂರಿಸ್ಕೊಂಡೇ ಬರ್ಬೇಕು."

ಡಾಕ್ಟರು ಬಂದರು. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷೆಗೆ ಇಟ್ಟುಕೊಂಡರು. ಉಣ್ಣೆ ಜ್ವರವೇ ಎಂದು ಹೇಳಿ ಇಂಜೆಕ್ಷನ್ ಕೊಟ್ಟರು, ಡ್ರಿಪ್ ಹಾಕಿದರು. "ಸರಿಯಾದ ಹೊತ್ತಿಗೆ ಕರೆದಿದೀರ. ನಾಳೆ ಅಂದಿದ್ರೆ ಕಷ್ಟ ಇತ್ತು. ಕರು ವಿಷಯ ಈಗಲೇ ಹೇಳಕ್ಕಾಗಲ್ಲ, ಕಾದು ನೋಡೋಣ," ಎಂದರು.

ಮಾರನೆಯ ದಿನ ಜ್ವರ ಇಳಿಯಿತು. ಆಮೇಲೆ ಸಂಪಿಗೆ ನಿಧಾನವಾಗಿ ಹುಲ್ಲಿಗೆ ಬಾಯಿ ಹಾಕಿತು. ಬೈರಮ್ಮ ಕೊಟ್ಟಿಗೆಯ ಕಂಬಕ್ಕೆ ಒರಗಿ ಕಣ್ಣೊರೆಸಿಕೊಂಡಳು. ಹಸು ಉಳಿಯಿತು, ಹೊಟ್ಟೆಯ ಕರುವಿನ ಭಯ ಮಾತ್ರ ಹಾಗೇ ಉಳಿಯಿತು.

ಹಸುವನ್ನು ನೋಡಿ ಹೋಗಲು ರಮ್ಯಶ್ರೀ ಬಂದಾಗಲೇ ಗೂಡಿನಲ್ಲಿದ್ದ ಬಾಟಲಿಯ ನೆನಪಾದದ್ದು. ಬೈರಮ್ಮ ತೆಗೆದು ಬೆಳಕಿಗೆ ಹಿಡಿದಳು. ಉಣ್ಣೆ ಸುಕ್ಕುಗಟ್ಟಿ ಸತ್ತಿತ್ತು. ಅದರ ಪಕ್ಕದಲ್ಲಿ ಗಸಗಸೆಯಂಥ ಕಂದು ಕಾಳುಗಳು ರಾಶಿ ಬಿದ್ದಿದ್ದವು.

"ಏನಿದು?"

"ಮೊಟ್ಟೆ ಅಜ್ಜಿ. ಒಂದೇ ಉಣ್ಣೆ ಸಾವಿರಗಟ್ಟಲೆ ಇಡುತ್ತೆ. ಇಟ್ಟು ಸಾಯುತ್ತೆ. ತಾಯಿ ಉಣ್ಣೇಲಿ ಜ್ವರದ ರೋಗಾಣು ಇದ್ರೆ ಮೊಟ್ಟೆಗೂ ಹೋಗುತ್ತೆ, ಮರೀಗೂ ಹೋಗುತ್ತೆ. ಆ ಮರಿ ಇನ್ನೊಂದು ಹಸುನ ಕಚ್ಚುತ್ತೆ."

ಬೈರಮ್ಮ ಬಾಟಲಿ ನೋಡಿದಳು, ಕಲ್ಲುಗೋಡೆ ನೋಡಿದಳು. ಎಷ್ಟು ವರ್ಷದ ಎಷ್ಟು ಬೆಳಿಗ್ಗೆ ಅವಳು ಆ ಸಂದಿಗೆ ಎಲೆ ಕೊಡವಿದ್ದಾಳೋ ಅವಳಿಗೇ ಗೊತ್ತಿಲ್ಲ.

"ಅಂದ್ರೆ ಮಲ್ಲಿಗೇನ ತಿಂದಿದ್ದು ಜನರ ಕಣ್ಣಲ್ಲ."

"ನೀವು ಗೊತ್ತಿಲ್ದೆ ಮಾಡಿದ್ದು ಅಜ್ಜಿ. ಮನಸ್ಸಿಗೆ ಹಚ್ಕೋಬೇಡಿ."

"ಹಚ್ಕೊಂಡೇ ಹಚ್ಕೋತೀನಿ. ಹಚ್ಕೊಂಡ್ರೇನೇ ಕೆಲಸ ಆಗೋದು. ಈಗ ಏನ್ ಮಾಡ್ಬೇಕು, ಅದನ್ನ ಹೇಳು." ಬೈರಮ್ಮ ಆ ಬಾಟಲಿಗೆ ಕುದಿಯುವ ನೀರು ಸುರಿದಳು.

ಮುನಿಆಂಜನಪ್ಪ ಹೌಹಾರಿದ. "ಲೇ, ನಮ್ಮಮ್ಮ ಏನ್ ಹೇಳಿದ್ರು? ಹಸು ರಕ್ತ ಕಣೇ ಅದರ ಹೊಟ್ಟೇಲಿರೋದು."

"ಅತ್ತೆ ಹಸು ಚೆನ್ನಾಗಿರ್ಲಿ ಅಂತ ತಾನೇ ಹೇಳಿದ್ದು? ಉಣ್ಣೆ ಹೊಟ್ಟೆಗೆ ಹೋದ್ಮೇಲೆ ಅದು ಕದ್ದ ಮಾಲು ಕಣ್ರೀ. ಕಳ್ಳನ್ನ ಮನೆ ಸಂದೀಲಿ ಬಿಟ್ಟು ಬಾಗಿಲು ಕಾದ್ರೆ ಏನ್ ಬಂತು?"

ಮುನಿಆಂಜನಪ್ಪ ಒಳಗೆ ಹೋಗಿ ಇನ್ನೊಂದು ಚೊಂಬು ಬಿಸಿನೀರು ತಂದ. ಮದುವೆಯಾದಾಗಿನಿಂದ ವಾದದಲ್ಲಿ ಅವನು ಗೆದ್ದದ್ದು ಕಡಿಮೆ.

ಅವತ್ತಿನಿಂದ ಕೊಟ್ಟಿಗೆಯಲ್ಲಿ ಹೊಸ ಪದ್ಧತಿ ಶುರುವಾಯಿತು. ಕಿತ್ತ ಉಣ್ಣೆ ಮುಚ್ಚಳವಿರುವ ಡಬ್ಬಿಯ ಸೋಪಿನ ನೀರಿಗೆ. ಬರಿಗೈಯಲ್ಲಿ ಹಿಸುಕುವಂತಿಲ್ಲ, ಕೀಳುವಾಗ ಕೈಗೆ ಗ್ಲೌಸು. ರಕ್ತ ನೆಲಕ್ಕೆ ಬೀಳಲೂ ಇಲ್ಲ, ಉಣ್ಣೆ ಬದುಕಲೂ ಇಲ್ಲ. ಗಾರೆ ಕೆಲಸದವನನ್ನು ಕರೆಸಿ ಕಲ್ಲುಗೋಡೆಯ ಸಂದಿಗಳಿಗೆಲ್ಲ ಸಿಮೆಂಟು ಮೆತ್ತಿಸಿದಳು, ಮೇಲೆ ಸುಣ್ಣ ಬಳಿಸಿದಳು. ಸೈಟಿನ ಮಾಲೀಕರಿಗೆ ಫೋನ್ ಮಾಡಿಸಿ ಹುಲ್ಲು ಸವರಿಸಿದಳು. ನೆಲಕ್ಕೆ ಬಿಸಿಲು ತಾಗಿದರೆ ಉಣ್ಣೆ ಮರಿ ಒಣಗಿ ಸಾಯುತ್ತದೆ ಎಂದು ರಮ್ಯಶ್ರೀ ಹೇಳಿದ್ದಳು.

ಔಷಧಿಯ ವಿಷಯದಲ್ಲಿ ಡಾಕ್ಟರು ಮುನಿಆಂಜನಪ್ಪನಿಗೇ ಪಾಠ ಮಾಡಿದರು. ಅವನು ಕಣ್ಣಳತೆಯಲ್ಲಿ ನೀರು ಬೆರೆಸಿ, ವರ್ಷಗಟ್ಟಲೆ ಒಂದೇ ಔಷಧಿ ಹೊಡೆಯುತ್ತಿದ್ದ. "ನೀರು ಜಾಸ್ತಿಯಾದ್ರೆ ಉಣ್ಣೆ ಸಾಯಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತೆ. ಔಷಧಿ ಜಾಸ್ತಿಯಾದ್ರೆ ಹಸುಗೆ ವಿಷ. ಗಬ್ಬದ ಹಸು, ಎಳೇ ಕರು, ಕಾಯಿಲೆ ಹಸು ಇದ್ರೆ ನನ್ನ ಕೇಳದೆ ಏನೂ ಹೊಡೀಬೇಡಿ. ಬೆಳೆಗೆ ಹೊಡೆಯೋ ಔಷಧಿ ಅಂತೂ ಹಸು ಹತ್ರಾನೂ ತರಬೇಡಿ. ಮತ್ತೆ ಯಾವಾಗ ಹೊಡೀಬೇಕು, ಹೊಡೆದ ಮೇಲೆ ಎಷ್ಟು ದಿನ ಹಾಲು ಬಳಸ್ಬಾರ್ದು ಅಂತ ನಾನು ಹೇಳ್ತೀನಿ," ಎಂದರು.

ಉಳಿದದ್ದು ರಹೀಂ. ಬೈರಮ್ಮ ತಾನೇ ಅವನ ಮನೆಗೆ ಹೋದಳು. ಅವನು ಮೇಕೆಗಳಿಗೆ ಸೊಪ್ಪು ಹಾಕುತ್ತಿದ್ದ.

"ಬೈರಮ್ಮಕ್ಕ, ಜಗಳಕ್ಕೆ ಬಂದ್ರಾ? ಉಣ್ಣೆ ನಿಮ್ ಹಸೂದು, ನನ್ ಮೇಕೇದಲ್ಲ. ಮೊದಲೇ ಹೇಳ್ಬಿಡ್ತೀನಿ."

"ನಂದೂ ಇರ್ಬೋದು, ನಿಂದೂ ಇರ್ಬೋದು. ಉಣ್ಣೆ ಯಾರ್ದು ಅಂತ ಪಂಚಾಯ್ತಿ ಮಾಡ್ತಾ ಕೂತ್ರೆ ಅದು ಇಬ್ಬರ ಪ್ರಾಣೀನೂ ತಿನ್ನುತ್ತೆ ರಹೀಂ. ನಾನೊಬ್ಳೇ ಮಾಡಿ ನೀನು ಬಿಟ್ರೆ, ನಿನ್ನ ಮನೇಲಿ ಉಳಿದಿದ್ದು ನನ್ನ ಮನೆಗೆ ಬರುತ್ತೆ. ಡಾಕ್ಟರ್ ಭಾನುವಾರ ಬರ್ತಾರೆ. ನೀನೂ ಮೇಕೆಗಳನ್ನ ತೋರ್ಸು, ದೊಡ್ಡೀನೂ ಅವತ್ತೇ ಕ್ಲೀನ್ ಮಾಡ್ಸು."

ರಹೀಂ ಕೈಯಲ್ಲಿದ್ದ ಸೊಪ್ಪನ್ನು ಮೇಕೆಗಳ ಮುಂದೆ ಹಾಕಿದ. ಹೋದ ಮಳೆಗಾಲದಲ್ಲಿ ಅವನ ಎರಡು ಮೇಕೆಮರಿಗಳು ಸತ್ತಿದ್ದವು, ಏಕೆಂದು ಯಾರೂ ನೋಡಿರಲಿಲ್ಲ. "ಸರಿ ಅಕ್ಕ. ನಮ್ ಬೀದಿ ಬೇರೆಯವರಿಗೂ ನಾನೇ ಹೇಳ್ತೀನಿ," ಎಂದ.

ಆ ಭಾನುವಾರ ಎರಡು ಬೀದಿಯ ಕೊಟ್ಟಿಗೆಗಳೂ ಒಟ್ಟಿಗೆ ಶುದ್ಧವಾದವು. ರಮ್ಯಶ್ರೀ ಆಗಾಗ ಬಂದು ಸೈಟಿನಲ್ಲಿ ಬಟ್ಟೆ ಎಳೆಯುತ್ತಿದ್ದಳು. ಬರಬರುತ್ತಾ ಬಟ್ಟೆಗೆ ಅಂಟುವ ಮರಿಗಳು ಕಡಿಮೆಯಾದವು. ಪೂರ್ತಿ ಹೋಗಿಲ್ಲ. "ಬಿಟ್ರೆ ಮತ್ತೆ ಬರ್ತವೆ ಅಜ್ಜಿ," ಎಂದು ಅವಳು ಎಚ್ಚರಿಸಿದರೆ, "ನಾನೆಲ್ಲಿ ಬಿಡ್ತೀನಿ?" ಎನ್ನುತ್ತಿದ್ದಳು ಬೈರಮ್ಮ.

ಒಂದು ಸೋಮವಾರ ಬೆಳಿಗ್ಗೆ ಸಂಪಿಗೆ ಈಯಿತು. ಕರು ನೆಲಕ್ಕೆ ಬಿದ್ದು ಅಲುಗಾಡದೆ ಮಲಗಿತ್ತು. ಮುನಿಆಂಜನಪ್ಪ ಮುಖ ತಿರುಗಿಸಿಕೊಂಡ. ಬೈರಮ್ಮ ಮಂಡಿಯೂರಿ ಅದರ ಮೂಗು ಬಾಯಿ ಒರೆಸಿ, ಒಣ ಗೋಣಿಯಿಂದ ಎದೆ ಉಜ್ಜಿದಳು, ಬಿಡದೆ ಉಜ್ಜಿದಳು. ಕರು ಸೀನಿತು. ತಲೆ ಎತ್ತಿತು. ಸಂಪಿಗೆ ಬಗ್ಗಿ ಅದನ್ನು ನೆಕ್ಕತೊಡಗಿತು.

"ಹೆಣ್ಣು ಕರು," ಎಂದಳು ಬೈರಮ್ಮ. ಕರುವಿನ ಕಿವಿ ಮಡಚಿ ಒಳಗೆ ನೋಡಿದಳು. "ಇದನ್ನ ಉಣ್ಣೆಗೆ ಕೊಡಲ್ಲ ನಾನು."

ಅಕ್ಕಂದಿರೇ, ಅಣ್ಣಂದಿರೇ, ಬೈರಮ್ಮನ ಕರು ಬದುಕಿತು. ಮಲ್ಲಿಗೆ ಬದುಕಲಿಲ್ಲ. ಎರಡರ ನಡುವೆ ಇದ್ದದ್ದು ಒಂದು ತಿಳಿವಳಿಕೆ, ಒಂದು ಫೋನು, ಒಂದು ಬೀದಿಯ ಒಗ್ಗಟ್ಟು. ಇದನ್ನು ಓದಿ ಮುಗಿಸಿದವರು ಎದ್ದು ಒಮ್ಮೆ ನಿಮ್ಮ ಕೊಟ್ಟಿಗೆಗೆ ಹೋಗಿ. ಹಸುವಿನ ಮೈ ಮೇಲೆ ಕೈಯಾಡಿಸಿ, ಆಮೇಲೆ ಗೋಡೆಯ ಸಂದಿಯನ್ನೂ ನೋಡಿ. ಕಿತ್ತ ಉಣ್ಣೆಯನ್ನು ಜೀವಂತ ಬಿಡಬೇಡಿ. ಹಸು ಮೇವು ಬಿಟ್ಟರೆ, ಮೈ ಕಾದರೆ, ಗಂಜಲ ಕೆಂಪಾಗಲಿ ಕಾಫಿ ಬಣ್ಣಕ್ಕಾಗಲಿ ತಿರುಗಿದರೆ ಒಂದು ದಿನವೂ ಕಾಯದೆ ಪಶು ವೈದ್ಯರನ್ನು ಕರೆಯಿರಿ. ಪಕ್ಕದ ಮನೆಯವರಿಗೂ ಇವತ್ತೇ ಹೇಳಿ, ಮಾತು ಬಿಟ್ಟಿದ್ದರೂ ಹೋಗಿ ಹೇಳಿ. ಮಾತು ಬಿಟ್ಟ ಮನೆಯಿಂದಲೂ ಉಣ್ಣೆ ನಿಮ್ಮ ಮನೆಗೆ ಬಂದೇ ಬರುತ್ತದೆ.