ತಾತ ಅಂತ ಕೂಗಿದರೂ

ಮಧ್ಯಾಹ್ನ ಮೂರೂಮುಕ್ಕಾಲರ ಹೊತ್ತಿಗೆ ಚಿಂತಾಮಣಿ ಬಸ್ ನಿಲ್ದಾಣದ ಹಿಂದಿನ ನರ್ಸಿಂಗ್ ಹೋಂ ಮುಂದೆ ಆಟೊ ಬಂದು ನಿಂತಿತು. ಒಳಗೆ ನರ್ಸ್ ತನುಜ ವಾಂತಿಭೇದಿಯಿಂದ ಸೊರಗಿದ್ದ ಹಸುಗೂಸೊಂದರ ಕೈಯಲ್ಲಿ ಡ್ರಿಪ್ ಹಾಕಲು ನರ ಹುಡುಕುತ್ತಿದ್ದಳು. ನರ ಸಿಗುತ್ತಿರಲಿಲ್ಲ. ಮಗುವಿನ ತಾಯಿ ಅಳುತ್ತಿದ್ದಳು. ವಾರ್ಡ್ ಬಾಯ್ ಗಂಗರಾಜು ಬಾಗಿಲಲ್ಲೇ ನಿಂತು ಹೇಳಿದ:

"ಸಿಸ್ಟರ್, ಮಕ್ಕಳ ಕಳ್ಳ ಒಬ್ಬನ್ನ ತಂದವ್ರೆ. ಜನ ಸರ್ಯಾಗಿ ಬಾರ್‍ಸವ್ರೆ."

ಹದಿನೈದು ದಿನದಿಂದ ಊರೆಲ್ಲ ಇದೇ ಮಾತು. ಭಿಕ್ಷುಕರ ವೇಷದಲ್ಲಿ ಬಂದು ಮಕ್ಕಳನ್ನು ಹೊತ್ತೊಯ್ಯುತ್ತಾರೆ ಅನ್ನುವ ವಿಡಿಯೊ ಮೊಬೈಲಿಂದ ಮೊಬೈಲಿಗೆ ಓಡಾಡುತ್ತಿತ್ತು. ಅದು ಯಾವ ಊರಿನದು, ಯಾವ ಕಾಲದ್ದು, ಯಾರಿಗೂ ಗೊತ್ತಿರಲಿಲ್ಲ. ತನುಜಳೂ ನೋಡಿದ್ದಳು. ನೋಡಿ, ನಂಬಿ, ಆರು ವರ್ಷದ ಮಗಳು ಯಾಮಿನಿಯ ಶಾಲೆಯ ತಾಯಂದಿರ ಗುಂಪಿಗೆ ಅವಳೇ ಕಳಿಸಿದ್ದಳು.

"ಕಾಯ್ಲಿ ಬಿಡಪ್ಪ," ಅಂದಳು ತಲೆ ಎತ್ತದೆ. "ಅಂಥೋನಿಗೇನು ಅವಸರ. ಮೊದ್ಲು ಈ ಮಗೂದು ಆಗ್ಲಿ."

ನರ ಸಿಕ್ಕಿತು. ಡ್ರಿಪ್ ಹಾಕಿ, ಪ್ಲಾಸ್ಟರ್ ಅಂಟಿಸಿ, ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ಸ್ಟ್ರೆಚರ್ ಮೇಲೆ ಮಲಗಿದ್ದವನ ಮುಖ ಮುಖದಂತಿರಲಿಲ್ಲ. ನಾಡಿ ನೋಡಲೆಂದು ಕೈ ಹಿಡಿದಳು. ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ, ಉಗುರುಗಳು ಸವೆದು ಹೋಗಿದ್ದವು. ಶಿಡ್ಲಘಟ್ಟದಲ್ಲಿ ನಲವತ್ತು ವರ್ಷ ಕುದಿನೀರಿಗೆ ಕೈ ಹಾಕಿ, ಬೆಂದ ಗೂಡಿನಿಂದ ರೇಷ್ಮೆ ನೂಲು ತೆಗೆದ ಬೆರಳುಗಳು. ಅವಳಿಗೆ ಊಟ ಕಲೆಸಿ ತಿನ್ನಿಸಿದ ಬೆರಳುಗಳು.

"ಅಪ್ಪಾ!"

ಆ ಕೂಗಿಗೆ ಗಂಗರಾಜು ಡಾಕ್ಟರನ್ನು ಕರೆಯಲು ಓಡಿದ.

ನಡೆದದ್ದೇನೆಂದು ಆಮೇಲೆ ತುಣುಕುತುಣುಕಾಗಿ ತಿಳಿಯಿತು. ತನುಜಳ ಗಂಡ ನರೇಂದ್ರ ಬ್ಯಾಂಕಿನ ತರಬೇತಿಗೆಂದು ಹೋಗಿದ್ದ. ಯಾಮಿನಿಯನ್ನು ನೋಡಿಕೊಳ್ಳಲು ಒಂದು ವಾರದ ಮಟ್ಟಿಗೆ ಅವಳ ಅಪ್ಪ ಎರ್ರಪ್ಪ ಬಂದಿದ್ದ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವನ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಮಾತು ತೊದಲುತ್ತಿತ್ತು. ಬಲಗೈ ನಡುಗುವುದರಿಂದ ಗಡ್ಡ ಬಿಟ್ಟಿದ್ದ. ಶಾಲೆ ಬಿಡುವ ಹೊತ್ತಿಗೆ ಹೋಗಿ ಮೊಮ್ಮಗಳನ್ನು ಕರೆದುಕೊಂಡು ಬರುವುದು, ಅಷ್ಟೇ ಅವನ ಕೆಲಸ. ಮೊದಲ ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಬೇಕರಿ ಮುಂದೆ ಯಾಮಿನಿ ಐಸ್‌ಕ್ರೀಂ ಬೇಕೆಂದು ಹಟ ಹಿಡಿದಳು. ಅವಳಿಗೆ ಕೆಮ್ಮು. ತಾತ ಬೇಡ ಅಂದ. ಅವಳು ರಸ್ತೆಯಲ್ಲೇ ಕೂತು ಅರಚಿದಳು. ತಾತ ಕೈ ಹಿಡಿದು ಎಳೆದ.

ಯಾಮಿನಿಗೆ ಅಪ್ಪ ನರೇಂದ್ರನ ಬಿಳಿ ಬಣ್ಣ. ಇಸ್ತ್ರಿ ಮಾಡಿದ ಯೂನಿಫಾರಂ, ಬೂಟು, ಎರಡು ಜಡೆ. ಅವಳ ಕೈ ಹಿಡಿದವನು ಕರ್ರಗಿನ, ಗಡ್ಡದ, ಮಾಸಿದ ಸ್ವೆಟರಿನ, ಬಾಯಂಚಲ್ಲಿ ಜೊಲ್ಲು ಸುರಿಯುವ ಮುದುಕ. ಎದುರಿಗೆ ಹೂ ಮಾರುತ್ತಿದ್ದ ಪದ್ಮಶ್ರೀ ಎಂಬಾಕೆ ಎದ್ದು ನಿಂತು ಕೂಗಿದಳು:

"ಏಯ್, ಯಾರೋ ನೀನು? ಯಾರ ಮಗು ಅದು?"

ಮೊಮ್ಮಗಳು ಅನ್ನಲು ಹೋದ ಎರ್ರಪ್ಪನ ಬಾಯಲ್ಲಿ ಬರೀ "ಮಮ್ಮ, ಮಮ್ಮ" ಅಂತ ಬಂತು. ಮೊಬೈಲ್ ಅಂಗಡಿಯ ಜಗನ್ ಹೊರಗೆ ಬಂದ. ಅವನ ಹಿಂದೆ ಇನ್ನೂ ನಾಲ್ಕೈದು ಜನ. ಯಾಮಿನಿ ಅಳು ನಿಲ್ಲಿಸಿ, "ನಮ್ ತಾತ," ಅಂದಳು.

"ಮಗು ಹೆದರ್ಕೊಂಡು ಹೇಳ್ತೈತೆ ಕಣೋ," ಅಂದ ಜಗನ್.

"ಚಾಕ್ಲೇಟ್‌ನಾಗೆ ಏನೋ ಹಾಕಿ ಕೊಟ್ಟಿರ್ತಾನೆ," ಅಂದ ಇನ್ನೊಬ್ಬ.

ಮೊದಲ ಏಟು ಬಿತ್ತು. ಆಮೇಲೆ ಹೆಲ್ಮೆಟ್ಟು, ಬೆಲ್ಟು, ಬೇಕರಿಯ ಪ್ಲಾಸ್ಟಿಕ್ ಕುರ್ಚಿ. ಬಸ್ಸಿಗೆ ಕಾಯುತ್ತಿದ್ದವರೂ ಬ್ಯಾಗು ಕೆಳಗಿಟ್ಟು ಬಂದು ಒಂದೊಂದು ಒದ್ದು, ಮತ್ತೆ ಬ್ಯಾಗು ಎತ್ತಿಕೊಂಡು ಹೋದರು. ಯಾರೋ ಮಗುವನ್ನು ಎತ್ತಿಕೊಂಡು ಮುಖ ಆ ಕಡೆ ತಿರುಗಿಸಿದರು. ಅವಳು "ತಾತ, ತಾತ" ಅಂತ ಕೂಗುತ್ತಲೇ ಇದ್ದಳು. ಹೊಡೆದವರೇ ತೆಗೆದ ವಿಡಿಯೊದಲ್ಲಿ ಆ ಕೂಗು ಮೊದಲಿಂದ ಕೊನೆಯವರೆಗೂ ಕೇಳುತ್ತದೆ. ಆ ಕೂಗಿನ ಮೇಲೆಯೇ ಏಟಿನ ಸದ್ದೂ ಕೇಳುತ್ತದೆ. ಮಗುವನ್ನು ಉಳಿಸಲು ಬಂದವರಲ್ಲಿ ಒಬ್ಬನಿಗೂ ಮಗುವಿನ ಮಾತು ಬೇಕಿರಲಿಲ್ಲ. ಅವಳ ಕೊರಳಲ್ಲಿ ಶಾಲೆಯ ಗುರುತಿನ ಚೀಟಿ ನೇತಾಡುತ್ತಿತ್ತು. ಅದರಲ್ಲಿ ದೊಡ್ಡ ಅಕ್ಷರದಲ್ಲಿ ತನುಜಳ ಫೋನ್ ನಂಬರ್ ಇತ್ತು. ಅಲ್ಲಿದ್ದ ಎಲ್ಲರ ಕೈಯಲ್ಲೂ ಫೋನ್ ಇತ್ತು. ಒಬ್ಬನೂ ಆ ನಂಬರಿಗೆ ಫೋನ್ ಮಾಡಲಿಲ್ಲ.

ಆ ಚೀಟಿ ನೋಡಿ ಯಾಮಿನಿಯನ್ನು ತಾಯಿಯ ಹತ್ತಿರ ತಲುಪಿಸಿದ್ದು ಆಮೇಲೆ ಬಂದ ಪೊಲೀಸರು. ಎರ್ರಪ್ಪನನ್ನು ಬೆಂಗಳೂರಿಗೆ ಸಾಗಿಸಿದರು. ಮೂರು ಪಕ್ಕೆಲುಬು, ದವಡೆ ಮುರಿದಿದ್ದವು. ಎಡಗಣ್ಣು ಉಳಿಯಲಿಲ್ಲ. ನಾಲ್ಕನೆಯ ದಿನ ಅವನಿಗೆ ಪೂರ್ತಿ ಎಚ್ಚರವಾದಾಗ ತನುಜ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದಳು.

"ಅಪ್ಪ, ನೀನು ಹೊರಗೆ ಸ್ಟ್ರೆಚರ್ ಮೇಲಿದ್ದೆ. ಕಳ್ಳ ಅಂದ್ರು. ಕಾಯ್ಲಿ ಅಂದ್ಬಿಟ್ಟೆ ನಾನು. ಮುಖಾನೂ ನೋಡ್ಲಿಲ್ಲ. ಹತ್ತು ನಿಮಿಷ."

ಎರ್ರಪ್ಪ ಉಳಿದ ಒಂದು ಕಣ್ಣಲ್ಲಿ ಅವಳನ್ನು ನೋಡಿದ. ಪರವಾಗಿಲ್ಲ ಅನ್ನಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಆ ದಿನವೆಲ್ಲ ಅವಳ ಕೈಯಿಂದ ನೀರು ಕುಡಿಯಲಿಲ್ಲ. ಕುಡಿಸಿದ್ದು ತರಬೇತಿ ಬಿಟ್ಟು ಬಂದಿದ್ದ ನರೇಂದ್ರ.

ಒಂದು ವಾರದ ನಂತರ ಬಟ್ಟೆಬರೆ ತರಲು ಗಂಡ ಹೆಂಡತಿ ಚಿಂತಾಮಣಿಗೆ ಬಂದ ದಿನ, ಮಾವ ಆವಲಪ್ಪ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಮನೆಗೆ ಬಂದ. ನರೇಂದ್ರನದು ಊರಲ್ಲಿ ಜಮೀನಿದ್ದ ಮನೆತನ, ತನುಜಳದು ಊರಾಚೆಯ ಕೇರಿ. ಇಬ್ಬರೂ ಒಪ್ಪಿ ಮದುವೆಯಾದಾಗ ಎರಡು ವರ್ಷ ಈ ಮನೆಯ ಹೊಸಲು ತುಳಿಯದಿದ್ದ ಆವಲಪ್ಪ, ಮೊಮ್ಮಗಳು ಹುಟ್ಟಿದ ಮೇಲೆ ಬರತೊಡಗಿದ್ದ. ಜಗನ್ ಅವನಿಗೆ ದೂರದ ನೆಂಟ.

"ಹುಡುಗ್ರು ದುಡುಕವ್ರೆ, ಇಲ್ಲ ಅನ್ನಲ್ಲಮ್ಮ," ಶುರು ಮಾಡಿದ ಆವಲಪ್ಪ. "ಆದ್ರೆ ಮಾಡಿದ್ದು ಯಾರಿಗೋಸ್ಕರ? ನಮ್ಮ ಮಗೀಗೋಸ್ಕರಾನೇ ಅಲ್ವಾ. ಕೇಸಾದ್ರೆ ಅವ್ರ ಜೀವನ ಹಾಳಾಗೋಗ್ತದೆ. ರಾಜಿ ಆಗೋಗ್ಲಿ."

ತನುಜ ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಲೇ ಇದ್ದಳು. ಅವಳು ಒಪ್ಪುತ್ತಿದ್ದಾಳೆಂದು ತಿಳಿದು ಆವಲಪ್ಪ ಮುಂದುವರಿದ:

"ನಿಮ್ಮಪ್ಪನೂ ಒಸಿ ಗಡ್ಡ ಗಿಡ್ಡ ಕೆರ್ಕೊಂಡು, ಒಳ್ಳೆ ಬಟ್ಟೆ ಇಕ್ಕೊಂಡು ಓಡಾಡಿದ್ದಿದ್ರೆ ಯಾರು ಅನುಮಾನ ಪಡೋರು? ನಮ್ಮ ಬೀಗರು ಅಂತ ಗೊತ್ತಿದ್ದಿದ್ರೆ ಯಾವನೂ ಕೈ ಮಾಡ್ತಿರ್ಲಿಲ್ಲ, ತಿಳ್ಕೊ."

"ನಿಮ್ಮ ಬೀಗರಲ್ದೆ ಬೇರೆ ಯಾರಾದ್ರೂ ಆಗಿದ್ದಿದ್ರೆ ಹೊಡೀಬಹುದಾಗಿತ್ತಾ ಮಾವ?" ತನುಜಳ ದನಿ ಏರಿತು. "ಗಡ್ಡ ಬಿಟ್ಟೋನು, ಹರಕು ಬಟ್ಟೆಯೋನು, ಬಾಯಿ ತೊದಲೋನು, ಇವ್ರದ್ದೆಲ್ಲ ಕಣ್ಣು ಕೀಳಬಹುದಾ? ಮಗು ತಾತ ತಾತ ಅಂತ ಬಾಯಿ ಬಡ್ಕೊಂಡ್ರೂ ಯಾಕೆ ನಂಬ್ಲಿಲ್ಲ ಹೇಳ್ಲಾ? ಬೆಳ್ಳಗಿರೋ ಮಗೀಗೆ ಕರೀ ತಾತ ಇರೋಕೆ ಸಾಧ್ಯಾನೇ ಇಲ್ಲ ಅಂತ. ಇಂಥೋರು ನಮ್ಗೆ ನೆಂಟ್ರಾಗೋಕೆ ಸಾಧ್ಯಾನೇ ಇಲ್ಲ ಅಂತ ಎರಡು ವರ್ಷ ನೀವೂ ಕೂತಿದ್ರಲ್ಲ!"

ಆವಲಪ್ಪ ಮಗನ ಮುಖ ನೋಡಿದ.

"ಕಂಪ್ಲೇಂಟ್ ಕೊಟ್ಟಿರೋನು ನಾನು," ಅಂದ ನರೇಂದ್ರ. "ಜಗನ್ ಹೆಸ್ರು ಬರೆಸಿರೋನೂ ನಾನೇ. ವಾಪಸ್ ತಗೊಳ್ಳಲ್ಲ. ನೀವಿನ್ನು ಹೊರಡಿ ಅಪ್ಪ."

ಅವರು ಹೋದ ಮೇಲೆ ತನುಜ ಬಾಗಿಲು ಹಾಕಿಕೊಳ್ಳಲು ಹೋದಳು. ಬಾಗಿಲ ಬಳಿ ಇನ್ನೂ ಯಾರೋ ನಿಂತಿದ್ದರು. ಹೂ ಮಾರುವ ಪದ್ಮಶ್ರೀ. ಒಳಗೆ ಬಾ ಅಂತ ತನುಜ ಅನ್ನಲಿಲ್ಲ.

"ಮೊದ್ಲು ಕೂಗಿದ್ದು ನಾನೇ ಕಣಮ್ಮ," ಅಂದಳು ಪದ್ಮಶ್ರೀ. "ನಂಗೂ ಅಷ್ಟೇ ವಯಸ್ಸಿನ ಮಗಳವ್ಳೆ. ಭಯ ಆಯ್ತು, ಕೂಗ್ದೆ. ಹೊಡೀರಿ ಅನ್ಲಿಲ್ಲಮ್ಮ ನಾನು."

"ನಿಲ್ಸಿ ಅಂದ್ರಾ?"

"ಇಲ್ಲ," ಅಂದಳು ಪದ್ಮಶ್ರೀ.

ಅವಳೇ ಮುಂದುವರಿದು ಹೇಳಿದಳು. ಹೊಡೆದವರಲ್ಲಿ ವಿಡಿಯೊದಲ್ಲಿ ಕಾಣದ ನಾಲ್ಕು ಜನರನ್ನು ಅವಳು ನೋಡಿದ್ದಳು. ಹೆಸರೂ ಗೊತ್ತಿತ್ತು. ಹೇಳಿದರೆ ತನ್ನ ಹೂವಿನ ಜಾಗ ಬಿಡಿಸುತ್ತಾರೆಂಬ ಭಯವೂ ಇತ್ತು. "ಆದ್ರೂ ಹೇಳ್ತೀನಿ. ಕ್ಷಮ್ಸಿದೆ ಅಂತ ಒಂದು ಮಾತು ಅಂದ್ಬಿಡಮ್ಮ, ಸಾಕು. ಊಟ ಸೇರ್ತಿಲ್ಲ ನಂಗೆ."

"ಅದು ನನ್ನತ್ರ ಇಲ್ಲ," ಅಂದಳು ತನುಜ. "ನಮ್ಮಪ್ಪನತ್ರ ಐತೋ ಇಲ್ವೋ ಗೊತ್ತಿಲ್ಲ. ನಂಗೇ ಇನ್ನೂ ಸಿಕ್ಕಿಲ್ಲ. ಬನ್ನಿ, ಸ್ಟೇಷನ್‌ಗೆ ಹೋಗಣ."

ಸ್ಕೂಟರಿನ ಹಿಂದೆ ಅವಳನ್ನು ಕೂರಿಸಿಕೊಂಡು ಹೋದಳು. ಸ್ಟೇಷನ್ನಿನಲ್ಲಿ ಹೇಳಿಕೆ ಬರೆದುಕೊಳ್ಳುತ್ತಿದ್ದ ಪೇದೆ ಕೇಳಿದ, "ಆ ನಾಲ್ಕು ಜನ ನೋಡೋಕೆ ಹೆಂಗಿದ್ರು?"

"ಹೆಂಗಿದ್ರು ಅಂದ್ರೆ ಏನ್ ಹೇಳ್ಲಿ ಸಾರ್," ಅಂದಳು ಪದ್ಮಶ್ರೀ. "ದಿನಾ ನನ್ನತ್ರ ದೇವ್ರಿಗೆ ಹೂವ ತಗೊಳ್ಳೋರು."

ಆ ನಾಲ್ವರೂ, ಜಗನ್ ಮತ್ತು ಅವನ ಜೊತೆಗಾರರೂ ಸೇರಿ ಹನ್ನೊಂದು ಜನರ ಮೇಲೆ ಕೇಸಾಯಿತು. ತಿಂಗಳೊಳಗೆ ಎಲ್ಲರಿಗೂ ಜಾಮೀನು ಸಿಕ್ಕಿತು. ಜಗನ್ ಹೊರಗೆ ಬಂದ ದಿನ ಅಂಗಡಿಯ ಮುಂದೆ ಹಾರ ಹಾಕಿ ಪಟಾಕಿ ಹೊಡೆದರು. ಪದ್ಮಶ್ರೀಯ ಬುಟ್ಟಿಯನ್ನು ಆ ಬೀದಿಯಿಂದ ಎತ್ತಿಸಿದರು. ಅವಳೀಗ ಮುರುಗಮಲ್ಲದ ದರ್ಗಾ ಹತ್ತಿರ ಹೂ ಮಾರುತ್ತಾಳೆ. ಹೇಳಿಕೆ ಬದಲಿಸೆಂದು ಅಲ್ಲಿಗೂ ಎರಡು ಸಲ ಜನ ಹೋಗಿದ್ದರು. ಅವಳು ಬದಲಿಸಿಲ್ಲ.

ಎರ್ರಪ್ಪ ಶಿಡ್ಲಘಟ್ಟಕ್ಕೆ ವಾಪಸಾದ. ಮಗಳ ಕೈಯಿಂದ ಮತ್ತೆ ಊಟ ಮಾಡಲು ಅವನಿಗೆ ಎರಡು ತಿಂಗಳು ಹಿಡಿಯಿತು. ಮೊದಲ ತುತ್ತು ನುಂಗಿ, ಸೊಟ್ಟ ಬಾಯಲ್ಲಿ ಪ್ರಯಾಸಪಟ್ಟು ಕೇಳಿದ: "ಕೇಸು ಯಾವತ್ತು?"

"ಹನ್ನೆರಡನೇ ತಾರೀಕು," ಅಂದಳು ತನುಜ.

"ಬರ್ತೀನಿ," ಅಂದ ಎರ್ರಪ್ಪ.